ಘಟ್ಟದಾಚೆಯಿಂದ ಆಣೆಕಲ್ಲು ನೋಡುವ ಯಂತ್ರ

ಮಾರ್ಚ್, ಏಪ್ರಿಲ್‌ನಲ್ಲಿ ಘಟ್ಟದ ಮೇಲಿನ ಖಾನಾಪುರದ ಇಟ್ಟಂಗಿ ಭಟ್ಟಿಗಳ ಕಡೆ ಹೋದರೆ ಕಾಲಿಡಲು ಜಾಗ ಹುಡುಕಬೇಕು. ಅಚ್ಚಿನಿಂದ ತೆಗೆದ ಹಸಿ ಇಟ್ಟಂಗಿ ಸಾಲುಸಾಲಾಗಿ ಬಿಸಿಲಿಗೆ ಒಣಗುತ್ತಿರುತ್ತವೆ. ಬೆಂಕಿ ಕಾಣುವ ತನಕ ಅವು ಬರೀ ಮಣ್ಣು. ಅಂಥದೊಂದು ಮಧ್ಯಾಹ್ನ ಭಟ್ಟಿಯ ಅಜ್ಜಿಯೊಬ್ಬರು ಮೂಡಲ ಕಡೆ ನೋಡಿ, "ತಾಡಪತ್ರಿ ತರ್ರೋ, ಗಾಳಿ ತಣ್ಣಗಾತು" ಎಂದು ಕೂಗಿಕೊಂಡರು. ಸೆಕೆಯಲ್ಲಿ ಬೇಯುತ್ತಿದ್ದ ನನಗೆ ಅಂಥದ್ದೇನೂ ತಿಳಿದಿರಲಿಲ್ಲ. ಹತ್ತು ನಿಮಿಷಕ್ಕೆ ಧೂಳೆದ್ದಿತು. ಇನ್ನೊಂದು ಹತ್ತು ನಿಮಿಷಕ್ಕೆ ತಗಡಿನ ಮೇಲೆ ಜಲ್ಲಿ ಸುರಿದಂಥ ಸದ್ದು. ಆಣೆಕಲ್ಲು. ಪಕ್ಕದ ಮರಾಠಿ ಮನೆಯ ಮಕ್ಕಳು "ಗಾರಾ, ಗಾರಾ" ಎನ್ನುತ್ತ ಅಂಗಳಕ್ಕೆ ಓಡಿದವು.

ಹೀಗೆ ಬರುವ ಅಡ್ಡಮಳೆಯನ್ನು ಇನ್ನೊಂದು ಕಣ್ಣೂ ನೋಡುತ್ತಿರುತ್ತದೆ. ಅದಿರುವುದು ಘಟ್ಟದ ಕೆಳಗೆ, ಪಣಜಿಯ ಆಲ್ತಿನೋ ಗುಡ್ಡದ ಮೇಲೆ: ಹವಾಮಾನ ಇಲಾಖೆಯ ಡಾಪ್ಲರ್ ರಾಡಾರ್. ಕಾಗೆ ಹಾರುವ ದಾರಿಯಲ್ಲಿ ಅಲ್ಲಿಂದ ಖಾನಾಪುರಕ್ಕೆ ಸುಮಾರು 75 ಕಿ.ಮೀ.

ರಾಡಾರ್ ಮಾಡುವ ಕೆಲಸ ಸರಳ: ಕೂಗಿ, ಮಾರ್ದನಿಗೆ ಕಿವಿಗೊಡುವುದು. ರೇಡಿಯೋ ಅಲೆಯ ಒಂದು ತುಣುಕನ್ನು ಬಿಡುತ್ತದೆ, ಸುಮ್ಮನಾಗುತ್ತದೆ. ಮೋಡದೊಳಗಿನ ಹನಿಗಳಿಗೆ ಬಡಿದ ಅಲೆಯ ಚೂರು ಮರಳಿ ಬರುತ್ತದೆ. ಖಾನಾಪುರಕ್ಕೆ ಹೋಗಿ ಬರಲು ಅದಕ್ಕೆ ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು ಸಾಕು. ಎಷ್ಟು ಹೊತ್ತಿಗೆ ಬಂತೆಂಬುದರಿಂದ ದೂರ, ಎಷ್ಟು ಜೋರಾಗಿ ಬಂತೆಂಬುದರಿಂದ ಮಳೆಯ ತೀವ್ರತೆ. ಎರಡನೇ ಮಹಾಯುದ್ಧದಲ್ಲಿ ವಿಮಾನ ಹುಡುಕುತ್ತಿದ್ದವರಿಗೆ ಪರದೆಯ ಮೇಲಿನ ಮಳೆ ಬರೀ ಕಾಟವಾಗಿತ್ತು. ಆ ಕಾಟದಿಂದಲೇ ಹವಾಮಾನದ ರಾಡಾರ್ ಹುಟ್ಟಿತು. ಡಾಪ್ಲರ್ ಎಂಬ ಹೆಸರು ಚಲಿಸುವ ವಸ್ತುವಿನಿಂದ ಬರುವ ಅಲೆ ಬದಲಾಗುತ್ತದೆಂಬ ತತ್ವವನ್ನು 1842ರಲ್ಲಿ ಹೇಳಿದ ಆಸ್ಟ್ರಿಯದ ವಿಜ್ಞಾನಿಯದು. ಲೋಂಡಾ ಕಡೆಯಿಂದ ಬರುವ ರೈಲಿನ ಸಿಳ್ಳೆ ಗೇಟು ದಾಟುತ್ತಲೇ ದನಿ ಇಳಿಸುತ್ತದಲ್ಲ, ಅದೇ ಲೆಕ್ಕದಲ್ಲಿ ಹನಿಗಳು ರಾಡಾರಿನತ್ತ ಬರುತ್ತಿವೆಯೋ ದೂರ ಸರಿಯುತ್ತಿವೆಯೋ ಗೊತ್ತಾಗುತ್ತದೆ.

ಸೋಜಿಗವಿರುವುದು ಗಾತ್ರದ ಲೆಕ್ಕದಲ್ಲಿ. ಹನಿಯ ವ್ಯಾಸ ಎರಡರಷ್ಟಾದರೆ ಮಾರ್ದನಿ ಎರಡರಷ್ಟಲ್ಲ, 64ರಷ್ಟಾಗುತ್ತದೆ. ಆದ್ದರಿಂದ ಸಾವಿರಾರು ತುಂತುರು ಹನಿಗಳಿಗಿಂತ ನಾಲ್ಕು ದಪ್ಪ ಹನಿಗಳೇ ಪರದೆಯಲ್ಲಿ ಹೆಚ್ಚು ಹೊಳೆಯುತ್ತವೆ. ಒಣ ಮಂಜುಗಡ್ಡೆಯ ಮಾರ್ದನಿ ಅಷ್ಟೇ ಗಾತ್ರದ ನೀರಿನದರ ಸುಮಾರು ಐದನೇ ಒಂದು ಪಾಲು ಮಾತ್ರ. ಆದರೆ ಕರಗತೊಡಗಿ ಮೈಗೆ ನೀರಿನ ಪೊರೆ ಹೊದ್ದ ಆಣೆಕಲ್ಲು ರಾಡಾರಿಗೆ ಕಾಣುವುದೇ ಒಂದು ರಾಕ್ಷಸ ಹನಿಯಾಗಿ. ಪರದೆಯ ಬಣ್ಣ ಹಸಿರು, ಹಳದಿ ದಾಟಿ ಕಡುಗೆಂಪಿಗೆ ತಿರುಗಿತೆಂದರೆ ಹವಾಮಾನದವರು ಆಣೆಕಲ್ಲಿನ ಗುಮಾನಿ ಪಡುತ್ತಾರೆ.

ಘಟ್ಟದಂಚಿನ ಆಮಗಾಂವ, ಕಣಕುಂಬಿಗಳಲ್ಲಿ ಮುಂಗಾರು ದಿನಗಟ್ಟಲೆ ಬಿಡದೆ ಸುರಿಯುತ್ತದೆ. ಒಂದು ಆಣೆಕಲ್ಲೂ ಬೀಳುವುದಿಲ್ಲ. ಬೇಸಿಗೆಯ ಅರ್ಧ ಗಂಟೆಯ ಮಳೆಗೆ ಕಲ್ಲು ಸುರಿಸುವುದು ಹೇಗೆ ಸಾಧ್ಯ? ಚಳಿಗಾಲ ನೆಲದಿಂದ ಕಾಲ್ತೆಗೆದರೂ ಮೇಲಣ ಗಾಳಿಯಲ್ಲಿ ಅದರ ತಂಪು ಕೆಲವೊಮ್ಮೆ ಉಳಿದಿರುತ್ತದೆ. ಕೆಳಗೆ ಕಾದ ನೆಲ, ಕಡಲಿನಿಂದ ಬಂದ ತೇವ. ಬಿಸಿ ಗಾಳಿ ಕಾರಂಜಿಯಂತೆ ಮೇಲೆ ಚಿಮ್ಮುತ್ತದೆ. ಸುಮಾರು ಐದು ಕಿ.ಮೀ. ಎತ್ತರದಾಚೆ ಶೂನ್ಯಕ್ಕಿಂತ ತಣ್ಣಗಿದ್ದೂ ಹೆಪ್ಪುಗಟ್ಟದ ಹನಿಗಳಿರುತ್ತವೆ. ಮಂಜಿನ ಹರಳು ತಾಕಿದ್ದೇ ತಡ, ಅಂಟಿಕೊಂಡು ಗಡ್ಡೆಯಾಗುತ್ತವೆ. ನಿಂಬೆಹಣ್ಣಿನಷ್ಟು ದಪ್ಪನೆಯ ಕಲ್ಲು ಗಂಟೆಗೆ 40 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಬೀಳುತ್ತದೆ. ಅದನ್ನು ಮೇಲೆ ಹಿಡಿದಿಡಲು ಅಷ್ಟೇ ಜೋರಿನ ಏರುಗಾಳಿ ಬೇಕು. ಮುಂಗಾರಿನ ಮೋಡಕ್ಕೆ ಆ ಕಸುವಿಲ್ಲ. 2014ರ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನತನಕ ಮಹಾರಾಷ್ಟ್ರವನ್ನೂ ನಮ್ಮ ಉತ್ತರದ ಜಿಲ್ಲೆಗಳನ್ನೂ ಆಣೆಕಲ್ಲು ಬಡಿದದ್ದು ಅನೇಕರಿಗೆ ನೆನಪಿರಬಹುದು. ತೂಕದಲ್ಲಿ ಜಗತ್ತಿನ ದಾಖಲೆ ಬಾಂಗ್ಲಾದೇಶದ ಗೋಪಾಲ್‌ಗಂಜ್‌ನದು: 1986ರ ಏಪ್ರಿಲ್ 14ರಂದು ಬಿದ್ದ ಕಲ್ಲು 1.02 ಕಿಲೋ ಇತ್ತು.

ಹೆಪ್ಪುಗಟ್ಟುವ ಎತ್ತರದಿಂದ ಜಾರಿದ ಮೇಲೂ ಕಲ್ಲು ಹಲವು ಕಿ.ಮೀ. ಬೆಚ್ಚಗಿನ ಗಾಳಿ ದಾಟಬೇಕು. ಚಿಕ್ಕವು ದಾರಿಯಲ್ಲೇ ಕರಗಿ ತಣ್ಣನೆಯ ದಪ್ಪ ಹನಿಗಳಾಗುತ್ತವೆ. ಉಳಿದವು ಹೇಗೆ ಉಳಿದವು ಎಂಬುದನ್ನು ಖಾನಾಪುರದವರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿಯ ಗಡಿಗಿಯ ಮೈಯಿಂದ ನೀರು ಆರುತ್ತ ಒಳಗಿನ ನೀರನ್ನು ತಂಪಾಗಿಡುತ್ತದೆ. ಬೇಸಿಗೆಯ ಒಣ ಗಾಳಿಯಲ್ಲಿ ಆಣೆಕಲ್ಲಿನ ಮೈಯ ನೀರೂ ಹಾಗೇ ಆರುತ್ತ ಕಲ್ಲನ್ನು ಕಾಯುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಗಡಿಗಿಯೂ ತಂಪಾಗದು, ಕಲ್ಲೂ ಬೇಗ ಕರಗುತ್ತದೆ.

ಈ ಕೊನೆಯ ದಾರಿಯೇ ಪಣಜಿಯ ಕಣ್ಣಿಗೆ ಕಷ್ಟ. ರಾಡಾರಿನ ಕಿರಣ ಭೂಮಿಗೆ ತುಸು ಮೇಲ್ಮುಖವಾಗಿ ಹೊರಡುತ್ತದೆ. ಭೂಮಿ ದುಂಡಗಿರುವುದರಿಂದ ದೂರ ಹೋದಷ್ಟೂ ನೆಲ ಕೆಳಗೆ ಜಾರುತ್ತದೆ. ನಡುವೆ ಚೋರ್ಲಾ ಕಡೆಯ ಘಟ್ಟದ ಸಾಲು ಬೇರೆ. ಕಲ್ಲು ಕಟ್ಟುವ ಎತ್ತರ ಚೆನ್ನಾಗಿಯೇ ಕಾಣುತ್ತದೆ, ನೆಲದ ಹತ್ತಿರದ್ದು ಮಸುಕು. ಅಜ್ಜಿಗೆ ತಾಕಿದ ತಣ್ಣನೆ ಗಾಳಿ ಆ ಮಸುಕಿನಲ್ಲೇ ಓಡುವಂಥದ್ದು. ಬೀಳುವ ಮಳೆ ಆವಿಯಾಗಿ ಗಾಳಿಯನ್ನು ತಣಿಸುತ್ತದೆ, ಭಾರವಾದ ಆ ಗಾಳಿ ನೆಲಕ್ಕಪ್ಪಳಿಸಿ ಮಳೆಗಿಂತ ಮುಂದೆ ಹಬ್ಬುತ್ತದೆ. ಹವಾಮಾನ ಇಲಾಖೆಯ ಮೂರು ಗಂಟೆಯ ಮುನ್ನೆಚ್ಚರಿಕೆ ಮೊಬೈಲಿಗೆ ಬಂದರೂ ಯಾವ ಭಟ್ಟಿಯ ಮೇಲೆ ಬೀಳುತ್ತದೆಂದು ಅದು ಹೇಳಲಾರದು. ಆ ಇಪ್ಪತ್ತು ನಿಮಿಷದ ಮಟ್ಟಿಗೆ ನನ್ನ ಮತ ಅಜ್ಜಿಗೇ.

ಮಳೆ ನಿಂತ ಮೇಲೆ ತಾಡಪತ್ರಿ ಸರಿಸಿದರು. ಒಳಗಿನ ಸಾಲುಗಳು ಉಳಿದಿದ್ದವು. ಹೊರಗೆ ಉಳಿದ ಎರಡು ಸಾಲಿನ ಇಟ್ಟಂಗಿಗಳ ಮೈತುಂಬ ದುಂಡನೆ ಗುಳಿ. ಫ್ರಾನ್ಸ್, ಅಮೆರಿಕಗಳಲ್ಲಿ ಆಣೆಕಲ್ಲು ಅಳೆಯಲು ಮೆತ್ತನೆಯ ಫೋಮ್ ಹಲಗೆಗಳನ್ನು ಬಯಲಲ್ಲಿ ಇಟ್ಟು, ಬಿದ್ದ ಗುಳಿಗಳ ಅಗಲದಿಂದ ಕಲ್ಲಿನ ಗಾತ್ರ ಲೆಕ್ಕ ಹಾಕುತ್ತಾರೆ. ಅಜ್ಜಿ ಒಂದು ಗುಳಿಯಲ್ಲಿ ಹೆಬ್ಬೆರಳಿಟ್ಟು ನೋಡಿದರು. "ಅಡಕಿ ಅಷ್ಟ ಅದಾವು ಈ ಸಲ" ಎಂದು, ಆ ಎರಡು ಸಾಲನ್ನು ಮತ್ತೆ ಕೆಸರಿಗೆ ಹಾಕಿ ಕಲಸಲು ಹೇಳಿದರು.