ಕುರ್ಚಿ ಇದೆ, ಲೇಖನಿ ಇಲ್ಲ

ಪುರಸಭೆ, ಪಟ್ಟಣ ಪಂಚಾಯಿತಿಗಳ ಕಚೇರಿಯಲ್ಲಿ ಅಧ್ಯಕ್ಷರ ಕೊಠಡಿಗೆ ಹೋದವರಿಗೆ ಸಾಮಾನ್ಯವಾಗಿ ಗೋಡೆಯ ಮೇಲೊಂದು ಹಲಗೆ ಕಾಣುತ್ತದೆ. ಈವರೆಗೆ ಆ ಕುರ್ಚಿಯಲ್ಲಿ ಕುಳಿತವರ ಹೆಸರುಗಳು ಅದರಲ್ಲಿ ಸಾಲಾಗಿ ಇರುತ್ತವೆ. ಎದುರಿಗೆ 'ಇಂದ' ಎಂದು ಒಂದು ಕಂಬಸಾಲು, 'ವರೆಗೆ' ಎಂದು ಇನ್ನೊಂದು. ಬಣ್ಣದಲ್ಲಿ ಬರೆದ ಈ ಯಾದಿಯನ್ನು ಪುರುಸೊತ್ತಾಗಿ ಓದಿದರೆ ಊರಿನ ರಾಜಕೀಯ ಚರಿತ್ರೆಯೇ ಸಿಗುತ್ತದೆ. ಕೆಲವರ ಅವಧಿ ಎರಡೂವರೆ ವರ್ಷ, ಕೆಲವರದು ಹದಿನೈದೇ ತಿಂಗಳು. ನಡುನಡುವೆ ಯಾರ ಹೆಸರೂ ಇಲ್ಲದೆ 'ಆಡಳಿತಾಧಿಕಾರಿ' ಎಂಬ ಒಂದೇ ಪದ. ಅಲ್ಲಿ ಊರಿಗೆ ಯಜಮಾನ ಇರಲಿಲ್ಲ ಎಂದು ತಿಳಿಯಬೇಕು.

ಕೊಪ್ಪಳ ಜಿಲ್ಲೆಯ ಕುಕನೂರಿಗೆ ಇಂಥ ಹಲಗೆ ಹೊಸತು. ಊರು ಮಾತ್ರ ಹಳೆಯದು. ರಾಷ್ಟ್ರಕೂಟರ ಕಾಲದ ನವಲಿಂಗ ದೇವಾಲಯ, ಚಾಲುಕ್ಯ ಶೈಲಿಯ ಕಲ್ಲೇಶ್ವರ, ಜನ ನಡೆದುಕೊಳ್ಳುವ ಮಹಾಮಾಯೆ ಎಲ್ಲವೂ ಇಲ್ಲಿವೆ. ಸಮೀಪದ ಇಟಗಿಯಲ್ಲಿ 1112ರಲ್ಲಿ ಮಹಾದೇವ ದಂಡನಾಯಕ ಕಟ್ಟಿಸಿದ ಮಹಾದೇವ ದೇಗುಲವಿದೆ. ಆ ಕಾಲದ ಕನ್ನಡ ಶಾಸನಗಳನ್ನು ನೋಡಿದರೆ ಊರಾಳಿಕೆ ಅರಮನೆಯಿಂದಷ್ಟೇ ನಡೆಯುತ್ತಿರಲಿಲ್ಲ ಎಂಬುದು ಸ್ಪಷ್ಟ. ಅಗ್ರಹಾರಗಳಲ್ಲಿ ಮಹಾಜನರು ಕೂಡಿ ತೀರ್ಮಾನಿಸುತ್ತಿದ್ದರು. ಪೇಟೆಯೂರುಗಳಲ್ಲಿ ವರ್ತಕರ ಮುಂದಾಳಾಗಿ 'ಪಟ್ಟಣಸ್ವಾಮಿ' ಇರುತ್ತಿದ್ದ. ಅವನನ್ನು ಅಂದಿನ ಮೇಯರ್ ಎಂದು ಕರೆದರೆ ಇತಿಹಾಸಕಾರರು ಹುಬ್ಬು ಗಂಟಿಕ್ಕಿಯಾರು. ಆದರೂ ಊರಿನ ಮೊದಲ ಗೌರವ ಅವನಿಗೇ ಸಲ್ಲುತ್ತಿತ್ತು.

ಇತ್ತೀಚಿನ ಚರಿತ್ರೆ ಇನ್ನೊಂದು ಬಗೆಯದು. ನಿಜಾಮರ ಕಾಲದಲ್ಲಿ ಈ ಸೀಮೆ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. 1948ರಲ್ಲಿ ಹೈದರಾಬಾದ್ ವಿಮೋಚನೆಯಾಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರ್ಪಡೆಯಾಯಿತು. ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಹುಟ್ಟಿತು. ಬಹುಕಾಲ ಯಲಬುರ್ಗಾ ತಾಲ್ಲೂಕಿನಲ್ಲಿದ್ದ ಕುಕನೂರು 2017ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಪಟ್ಟಿಗೆ ಸೇರಿತು. ಅದಕ್ಕೂ ಮೊದಲೇ ಗ್ರಾಮ ಪಂಚಾಯಿತಿ ಹೋಗಿ ಪಟ್ಟಣ ಪಂಚಾಯಿತಿ ಬಂದಿತ್ತು. ಹತ್ತರಿಂದ ಇಪ್ಪತ್ತು ಸಾವಿರ ಜನವಿರುವ ಊರಿಗೆ ಪಟ್ಟಣ ಪಂಚಾಯಿತಿ, ಅದಕ್ಕೆ ಮೇಲ್ಪಟ್ಟರೆ ಪುರಸಭೆ, ಐವತ್ತು ಸಾವಿರ ದಾಟಿದರೆ ನಗರಸಭೆ, ಮೂರು ಲಕ್ಷಕ್ಕೆ ಮಹಾನಗರ ಪಾಲಿಕೆ. ಇದು ಕರ್ನಾಟಕದ ಏಣಿ.

ಈ ಏಣಿಯ ಮೊದಲ ಮೆಟ್ಟಿಲು ಹತ್ತುವಾಗ ಒಂದು ವಿಚಿತ್ರ ನಡೆಯುತ್ತದೆ. ಊರು ದೊಡ್ಡದಾಗುತ್ತದೆ, ಅಧ್ಯಕ್ಷರ ಕೈ ಸಣ್ಣದಾಗುತ್ತದೆ. ಗ್ರಾಮ ಪಂಚಾಯಿತಿಯ ಅಧ್ಯಕ್ಷರಿಗೆ ಚೆಕ್ಕಿನ ಮೇಲೆ ಸಹಿ ಮಾಡುವ ಅಧಿಕಾರವಿದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಸಹಿಯ ಜೊತೆಗೆ ಅವರ ಸಹಿಯೂ ಬೀಳದೆ ಹಣ ಹೊರಗೆ ಹೋಗದು. ಪಟ್ಟಣ ಪಂಚಾಯಿತಿಯಾದ ಕೂಡಲೇ ಆ ಲೇಖನಿ ಮುಖ್ಯಾಧಿಕಾರಿ ಹಾಗೂ ಲೆಕ್ಕ ವಿಭಾಗದ ಕೈಗೆ ಹೋಗುತ್ತದೆ. ಟೆಂಡರು, ಬಿಲ್ಲು, ಪರವಾನಗಿ, ಸಿಬ್ಬಂದಿ ಎಲ್ಲವೂ ಮುಖ್ಯಾಧಿಕಾರಿಯ ಮೇಜಿನಲ್ಲೇ. ಮನೆಯಿಲ್ಲದವರಿಗೆ ನಿವೇಶನ, ಮನೆ ಕೊಡುವ ಆಶ್ರಯ ಸಮಿತಿಗೆ ಶಾಸಕರೇ ಅಧ್ಯಕ್ಷರು. 'ಅಧ್ಯಕ್ಷರಾದ್ರು ಅಂತಾರ, ಮತ್ತ ಇವರ ಸಹಿ ಎಲ್ಲಿ ನಡೀತೈತಿ?' ಎಂದು ಚಹಾದಂಗಡಿಯಲ್ಲಿ ಕೇಳುವವರು ಅಜ್ಞಾನದಿಂದ ಕೇಳುತ್ತಾರೆಂದು ತಿಳಿಯಬಾರದು. ಅವರು ಕಾಯ್ದೆಯ ತಿರುಳನ್ನೇ ಕೇಳುತ್ತಿದ್ದಾರೆ.

ಸಹಿಯಿಲ್ಲದ ಈ ಸ್ಥಾನಕ್ಕೆ ನಡೆಯುವ ಪೈಪೋಟಿ ಮಾತ್ರ ಕಡಿಮೆಯೇನಲ್ಲ. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಅಧ್ಯಕ್ಷರ ಆಯ್ಕೆ ಗುಪ್ತ ಮತದಾನದಿಂದ. ಪಟ್ಟಣ ಪಂಚಾಯಿತಿಯಲ್ಲಿ ಚಿಹ್ನೆ ಇದೆ, ಅಧ್ಯಕ್ಷರ ಆಯ್ಕೆ ಎಲ್ಲರೆದುರು ಕೈ ಎತ್ತಿ. ಕೈ ಎತ್ತಿದ್ದು ಪಕ್ಷದ ಸೂಚನೆಗೆ ವಿರುದ್ಧವಾದರೆ ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ನಿಷೇಧದ 1987ರ ಕಾಯ್ದೆ ಕಾದಿರುತ್ತದೆ, ಸದಸ್ಯತ್ವಕ್ಕೇ ಸಂಚಕಾರ. ಆದ್ದರಿಂದ ಚುನಾವಣೆ ಹತ್ತಿರ ಬಂದಂತೆ ಸದಸ್ಯರಿಗೆ ದೇವಸ್ಥಾನಗಳ, ಸಮುದ್ರ ತೀರಗಳ ನೆನಪು ಒಮ್ಮೆಲೇ ಉಕ್ಕುತ್ತದೆ. ಗುಂಪಾಗಿ ಪ್ರವಾಸ ಹೋಗುತ್ತಾರೆ. ಫೋನು ತೆಗೆಯುವುದಿಲ್ಲ. ಆಯ್ಕೆಯ ದಿನ ಬೆಳಿಗ್ಗೆ ನೇರವಾಗಿ ಕಚೇರಿಯ ಬಾಗಿಲಿಗೇ ವಾಹನ ಬಂದು ನಿಲ್ಲುತ್ತದೆ.

ಒಳಗಿನ ಲೆಕ್ಕ ಅಂಕಗಣಿತದ ಪುಸ್ತಕದಲ್ಲಿ ಇರಬೇಕಾದಂಥದು. ಹತ್ತೊಂಬತ್ತು ವಾರ್ಡಿನ ಒಂದು ಪಟ್ಟಣ ಪಂಚಾಯಿತಿ ಎಂದಿಟ್ಟುಕೊಳ್ಳಿ. ಒಂದು ಪಕ್ಷಕ್ಕೆ ಹತ್ತು ಸ್ಥಾನ, ಇನ್ನೊಂದಕ್ಕೆ ಒಂಬತ್ತು. ಹತ್ತು ಬಂದವರೇ ಗೆದ್ದರೆಂದು ಹೇಳುವಂತಿಲ್ಲ. ಕ್ಷೇತ್ರದ ಶಾಸಕರಿಗೂ ಲೋಕಸಭಾ ಸದಸ್ಯರಿಗೂ ಅಲ್ಲಿ ಮತವಿದೆ. ಒಟ್ಟು ಇಪ್ಪತ್ತೊಂದು, ಬೇಕಾದ್ದು ಹನ್ನೊಂದು. ಇಬ್ಬರೂ ಒಂಬತ್ತರ ಕಡೆ ನಿಂತರೆ ಒಂಬತ್ತು ಹನ್ನೊಂದಾಗುತ್ತದೆ! ಒಬ್ಬರು ಗೈರುಹಾಜರಾದರೆ ಹತ್ತು-ಹತ್ತು, ಆಗ ಚೀಟಿ ಎತ್ತಬೇಕು. ಸರ್ಕಾರ ನಾಮಕರಣ ಮಾಡಿದ ಸದಸ್ಯರು ಸಭೆಯಲ್ಲಿ ಕೂಡಬಹುದು, ಮಾತಾಡಬಹುದು, ಆದರೆ ಸಂವಿಧಾನದ 243ಆರ್ ವಿಧಿಯಂತೆ ಅವರಿಗೆ ಮತವಿಲ್ಲ. ಸಾಮಾನ್ಯವಾಗಿ ತಹಸೀಲ್ದಾರರೇ ಚುನಾವಣಾಧಿಕಾರಿ. ನಾಮಪತ್ರ, ಪರಿಶೀಲನೆ, ಹಿಂದಕ್ಕೆ ಪಡೆಯಲು ಕೆಲವು ನಿಮಿಷ, ಆಮೇಲೆ ಎತ್ತಿದ ಕೈಗಳ ಎಣಿಕೆ. ತಿಂಗಳುಗಟ್ಟಲೆ ಹೆಣೆದದ್ದು ಅರ್ಧ ಗಂಟೆಯಲ್ಲಿ ಮುಗಿದು ಹೊರಗೆ ಹಲಗೆಯ ಸದ್ದು, ಗುಲಾಲು, ಪಟಾಕಿ, ಪೇಢೆ.

ದೊಡ್ಡ ಊರುಗಳಲ್ಲಿ ಇದೇ ಆಟಕ್ಕೆ ವೇಷ ಮಾತ್ರ ಬೇರೆ. ಕಲಬುರಗಿ ಪಾಲಿಕೆಯ 55 ವಾರ್ಡುಗಳಿಗೆ 2021ರ ಸೆಪ್ಟೆಂಬರಿನಲ್ಲಿ ಚುನಾವಣೆ ನಡೆದು ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4 ಸ್ಥಾನ ಪಡೆದವು, ಒಬ್ಬರು ಪಕ್ಷೇತರರು. ಯಾರಿಗೂ ಬಹುಮತವಿಲ್ಲ. ಮತದಾರರ ಪಟ್ಟಿಗೆ ವಿಧಾನ ಪರಿಷತ್ ಸದಸ್ಯರ ಹೆಸರು ಸೇರಿಸಿದ್ದು ದೊಡ್ಡ ವಿವಾದವಾಯಿತು. ಕೊನೆಗೆ ಮೇಯರ್ ಆಯ್ಕೆಯಾದದ್ದು 2023ರ ಮಾರ್ಚಿನಲ್ಲಿ. ಬಿಜೆಪಿಯ ವಿಶಾಲ ದರ್ಗಿ ಒಂದೇ ಮತದ ಅಂತರದಿಂದ ಗೆದ್ದರು. ಅದೇ ತಿಂಗಳು ಬಳ್ಳಾರಿಯಲ್ಲಿ 23 ವರ್ಷದ ತ್ರಿವೇಣಿ ಮೇಯರ್ ಆದರು. ಕಾಲೇಜಿನ ಹುಡುಗಿಯಂತೆ ಕಾಣುತ್ತಿದ್ದ ಆಕೆಯ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಆದರೆ ಪಾಲಿಕೆ ಕಾಯ್ದೆಯಂತೆ ಮೇಯರ್ ಅವಧಿ ಒಂದೇ ವರ್ಷ. ಕಡತದ ಭಾಷೆ ಅರ್ಥವಾಗುವಷ್ಟರಲ್ಲಿ ವರ್ಷ ಮುಗಿದಿರುತ್ತದೆ. ಆಯುಕ್ತರು ಹಾಗೇ ಇರುತ್ತಾರೆ.

ಮೇಯರ್ ಎಂಬ ಪದವೇ ಹೊರಗಿನದು. 'ಹಿರಿಯ' ಎಂಬರ್ಥದ ಲ್ಯಾಟಿನ್ ಶಬ್ದ ಅದರ ಮೂಲ. ಈಸ್ಟ್ ಇಂಡಿಯಾ ಕಂಪನಿ 1688ರಲ್ಲಿ ಮದರಾಸಿಗೆ ಮೇಯರನ್ನು ತಂದಿತು. ಬೆಂಗಳೂರಿಗೆ ಆ ಹೆಸರು ಬಂದದ್ದು ಪೇಟೆ ಮತ್ತು ದಂಡಿನ ಎರಡು ಪುರಸಭೆಗಳನ್ನು 1949ರಲ್ಲಿ ಒಂದು ಮಾಡಿದಾಗ. ಆರ್. ಸುಬ್ಬಣ್ಣ ಮೊದಲ ಮೇಯರ್. ಅದಕ್ಕೆ ಮುಂಚೆ ಪುರಸಭೆಯ ಅಧ್ಯಕ್ಷರಾಗಿದ್ದ ಪುಟ್ಟಣ್ಣಚೆಟ್ಟಿಯವರ ಹೆಸರು ಇಂದಿಗೂ ಪುರಭವನದ ಮೇಲಿದೆ. ಕಪ್ಪು, ಕೆಂಪು ಗೌನು, ಕೊರಳಲ್ಲಿ ಸರಪಳಿ ಎಲ್ಲವೂ ಇಂಗ್ಲೆಂಡಿನ ಬಳುವಳಿ. ಅಲ್ಲಿ ಈಗಲೂ ಎಷ್ಟೋ ಊರುಗಳಲ್ಲಿ ಕೌನ್ಸಿಲರುಗಳು ವರ್ಷಕ್ಕೊಮ್ಮೆ ತಮ್ಮಲ್ಲೊಬ್ಬರನ್ನು ಮೇಯರ್ ಮಾಡುತ್ತಾರೆ. ಸರಪಳಿ ತೊಟ್ಟು ಸಮಾರಂಭಗಳಿಗೆ ಹೋಗುವುದೇ ಅವರ ಮುಖ್ಯ ಕೆಲಸ, ಆಡಳಿತ ಬೇರೆಯವರದು. ಹುಬ್ಬಳ್ಳಿ-ಧಾರವಾಡದಲ್ಲಿ 2022ರಲ್ಲಿ ಮೇಯರ್ ಆದ ಈರೇಶ ಅಂಚಟಗೇರಿ ಈ ಗೌನು ವಸಾಹತು ಕಾಲದ ಪಳೆಯುಳಿಕೆ, ತಾವು ತೊಡುವುದಿಲ್ಲ ಎಂದದ್ದು ಸುದ್ದಿಯಾಯಿತು. ಗೌನು ಕಳಚುವುದು ಸುಲಭ. ಅದರೊಳಗೆ ಅಧಿಕಾರ ತುಂಬುವುದು ಶಾಸನಸಭೆಯ ಕೆಲಸ, ಅದಕ್ಕೆ ಯಾರೂ ಅಷ್ಟು ಅವಸರಪಟ್ಟಂತೆ ಕಾಣುವುದಿಲ್ಲ.

ಹಾಗಾದರೆ ಈ ಕುರ್ಚಿ ಬರೀ ಅಲಂಕಾರವೇ? ಖಾಲಿ ಬಿದ್ದಾಗ ಏನಾಗುತ್ತದೆಂದು ನೋಡಿದರೆ ಉತ್ತರ ಸಿಗುತ್ತದೆ. ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಆಮ್ಲಜನಕ ತಯಾರಿಸುವಾಗ ಪೊಟ್ಯಾಸಿಯಂ ಕ್ಲೋರೇಟಿಗೆ ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಬೆರೆಸುತ್ತಾರೆ. ಪ್ರಯೋಗ ಮುಗಿದ ಮೇಲೂ ಆ ಕಪ್ಪು ಪುಡಿ ಇದ್ದಷ್ಟೇ ಇರುತ್ತದೆ. 'ಹಾಗಾದರೆ ಅದು ಯಾಕೆ ಸರ್?' ಎಂದು ಪ್ರತಿ ವರ್ಷ ಒಬ್ಬ ಹುಡುಗ ಕೇಳಿಯೇ ಕೇಳುತ್ತಾನೆ. ಅದಿಲ್ಲದೆ ಕಾಯಿಸಿದಾಗ ಅವನಿಗೆ ತಿಳಿಯುತ್ತದೆ.

ಕರ್ನಾಟಕದ ಪಟ್ಟಣಗಳು ಹಾಗೆ ಒಮ್ಮೆಯಲ್ಲ, ಎರಡು ಸಲ ಕಾದಿವೆ. 2018ರ ಆಗಸ್ಟ್ 31ರಂದು ನೂರಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳಿಗೆ ಮತದಾನವಾಗಿ ಸೆಪ್ಟೆಂಬರಿನಲ್ಲಿ ಸದಸ್ಯರು ಆರಿಸಿ ಬಂದರು. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಸರಿಯಿಲ್ಲವೆಂದು ಕೆಲವರು ಹೈಕೋರ್ಟಿಗೆ ಹೋದರು. ಎರಡು ವರ್ಷ ಕಳೆದು, 2020ರ ಕೊನೆಯ ತಿಂಗಳುಗಳಲ್ಲಿ ಕುರ್ಚಿಗಳು ತುಂಬಿದವು. ಮೂವತ್ತು ತಿಂಗಳ ಆ ಮೊದಲ ಅವಧಿ 2023ರಲ್ಲಿ ಮುಗಿಯಿತು. ಎರಡನೆಯ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟಿನಲ್ಲಿ. ಕುಕನೂರು, ಭಾಗ್ಯನಗರ, ಕನಕಗಿರಿ, ತಾವರಗೇರಾಗಳಿಗೆ ಮತದಾನವಾದದ್ದು 2021ರ ಡಿಸೆಂಬರ್ 27ರಂದು. ಇಂಥ ಊರುಗಳ ಕುರ್ಚಿಗೂ ಬೆಂಗಳೂರಿನಿಂದ ಮೀಸಲಾತಿ ಪಟ್ಟಿ ಬಾರದೆ ದಾರಿಯಿಲ್ಲ. ಊರವರು ಮತ ಹಾಕಿದ್ದು ಒಂದು ದಿನ, ಊರಿಗೆ ಅಧ್ಯಕ್ಷರು ಬರುವುದು ಇನ್ನಾವಾಗಲೋ. ರಾಜಧಾನಿಗಾದರೂ ಮೇಲು ಎನ್ನುವಂತಿಲ್ಲ. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು, ಆಮೇಲೆ ಐದು ವರ್ಷ ಕಳೆದರೂ ಅಲ್ಲಿ ಮೇಯರ್ ಎಂಬುವರು ಇರಲಿಲ್ಲ.

ಮೀಸಲಾತಿಯನ್ನೇ ಇದಕ್ಕೆ ದೂರುವವರಿದ್ದಾರೆ. ಅದು ಸರಿಯಲ್ಲ. 1993ರ ಜೂನ್ 1ರಂದು ಜಾರಿಗೆ ಬಂದ 74ನೇ ತಿದ್ದುಪಡಿ ಇಲ್ಲದಿದ್ದರೆ ಈ ಹಲಗೆಗಳ ಮೇಲೆ ಹೆಣ್ಣುಮಕ್ಕಳ, ಪರಿಶಿಷ್ಟರ ಹೆಸರುಗಳು ಎಷ್ಟು ಬರುತ್ತಿದ್ದವೆಂದು ಹಳೆಯ ಯಾದಿ ಓದಿದವರಿಗೆ ಗೊತ್ತು. ತಪ್ಪಿರುವುದು ಸರದಿಯ ಲೆಕ್ಕವನ್ನು ಮೊದಲೇ ಮಾಡಿ ಪ್ರಕಟಿಸದೆ ಕಡೆಯ ಗಳಿಗೆಗೆ ಇಟ್ಟುಕೊಳ್ಳುವಲ್ಲಿ. ಯಾವ ಊರಿಗೆ ಯಾವ ಅವಧಿಯಲ್ಲಿ ಯಾವ ವರ್ಗ ಎಂಬುದು ಪಂಚಾಂಗದಷ್ಟು ಮುಂಚಿತವಾಗಿ ಹೇಳಬಹುದಾದ ಸಂಗತಿ. ಹಾಗೆ ಹೇಳಿಬಿಟ್ಟರೆ ಕೆಲವರ ಆಟ ನಿಲ್ಲುತ್ತದೆ, ಅಷ್ಟೇ. ಇನ್ನು ಅಧ್ಯಕ್ಷೆಯ ಪಕ್ಕದ ಕುರ್ಚಿಯಲ್ಲಿ ಅವರ ಯಜಮಾನರು ಕುಳಿತುಕೊಳ್ಳುವ ರೋಗಕ್ಕೆ ಸುತ್ತೋಲೆಗಳು ಬಂದಿವೆ. ಸುತ್ತೋಲೆಗಿಂತ ಎರಡನೆಯ ಸಲ ಗೆದ್ದು ಬಂದ ಹೆಣ್ಣುಮಗಳೇ ಅದಕ್ಕೆ ಒಳ್ಳೆಯ ಔಷಧ.

ಉಪಾಧ್ಯಕ್ಷರ ಬಗ್ಗೆ ಹೇಳಲು ಹೆಚ್ಚಿಲ್ಲ. ಅಧ್ಯಕ್ಷರಿಲ್ಲದಾಗ ಸಭೆ ನಡೆಸುವುದು, ಸ್ಥಾನ ತೆರವಾದರೆ ಹೊಸಬರು ಬರುವವರೆಗೆ ನೋಡಿಕೊಳ್ಳುವುದು ಅವರ ಕೆಲಸ. ಅಧ್ಯಕ್ಷ ಸ್ಥಾನ ಒಂದು ಓಣಿಗೆ ಹೋದರೆ ಇನ್ನೊಂದು ಓಣಿಯನ್ನು, ಒಂದು ಸಮಾಜಕ್ಕೆ ಹೋದರೆ ಇನ್ನೊಂದು ಸಮಾಜವನ್ನು ಸಮಾಧಾನ ಮಾಡಲು ಪಕ್ಷಗಳಿಗೆ ಆ ಸ್ಥಾನ ಬೇಕು. ಅದೂ ಸಾಲದಿದ್ದರೆ ಮೂವತ್ತು ತಿಂಗಳನ್ನು ಹದಿನೈದು-ಹದಿನೈದಾಗಿ ಹಂಚಿಕೊಳ್ಳುವ ಮಾತುಕತೆ ನಡೆಯುತ್ತದೆ. ಹಲಗೆಯ ಮೇಲಿನ ಗಿಡ್ಡ ಅವಧಿಗಳ ಗುಟ್ಟು ಇದು. ಒಪ್ಪಂದಕ್ಕೆ ಬರಹವಿಲ್ಲ, ಆದ್ದರಿಂದ ಹದಿನಾರನೆಯ ತಿಂಗಳಲ್ಲಿ ಜಗಳ.

ಕುರ್ಚಿ ಖಾಲಿಯಿದ್ದಾಗ ಆಡಳಿತಾಧಿಕಾರಿ ಬರುತ್ತಾರೆ. ತಹಸೀಲ್ದಾರರೋ ಉಪವಿಭಾಗಾಧಿಕಾರಿಯೋ, ಯಾರಿಗಾದರೂ ಹೆಚ್ಚುವರಿ ಹೊಣೆ. ಅವರು ಕೆಟ್ಟವರೆಂದಲ್ಲ. ಬರಗಾಲ, ಬೆಳೆ ಪರಿಹಾರ, ಜಾತ್ರೆ ಬಂದೋಬಸ್ತು, ಮಂತ್ರಿಗಳ ಪ್ರವಾಸ ಇವೆಲ್ಲದರ ನಡುವೆ ಪಟ್ಟಣದ ಕಡತವೂ ಒಂದು. ಹಣಕಾಸು ಆಯೋಗದ ಅನುದಾನ ಬಂದರೆ ಕ್ರಿಯಾ ಯೋಜನೆಗೆ ಅವರ ಒಪ್ಪಿಗೆ ಬೀಳುತ್ತದೆ, ಕೆಲಸವೂ ಆಗುತ್ತದೆ. ಆದರೆ ಯಾವ ಓಣಿಯ ಚರಂಡಿ ಮೊದಲು, ಯಾವುದು ಆಮೇಲೆ ಎಂದು ಜಗಳವಾಡಲು ಸಭೆ ಇರುವುದಿಲ್ಲ. ಆರಿಸಿ ಬಂದ ಸದಸ್ಯರು ಕೈಯಲ್ಲಿ ಪ್ರಮಾಣಪತ್ರ ಹಿಡಿದು ಮುಖ್ಯಾಧಿಕಾರಿಯ ಕೊಠಡಿಯ ಹೊರಗೆ ಅರ್ಜಿದಾರರ ಬೆಂಚಿನ ಮೇಲೆ ಕುಳಿತಿರುತ್ತಾರೆ.

ಅಧ್ಯಕ್ಷರು ಬಂದರೆ ತಿಂಗಳಿಗೊಮ್ಮೆ ಸಾಮಾನ್ಯ ಸಭೆ ಕರೆಯಬೇಕು, ಇದು ಪುರಸಭೆಗಳ 1964ರ ಕಾಯ್ದೆಯ ಮಾತು. ಸಭೆಗೆ ಅವರೇ ಅಧ್ಯಕ್ಷತೆ, ಮತ ಸಮವಾದರೆ ನಿರ್ಣಾಯಕ ಮತವೂ ಅವರದೇ. ಸೂಚನಾಪತ್ರದ ಜೊತೆಗೆ ವಿಷಯಪಟ್ಟಿ ಮನೆ ಮನೆಗೆ ತಲುಪುತ್ತದೆ. ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು, ಜಮಾ-ಖರ್ಚು, ಕಂದಾಯ ವಸೂಲಿ, ಬೀದಿದೀಪ, ಅಂಗಡಿ ಮಳಿಗೆಗಳ ಹರಾಜು. ಇವೆಲ್ಲ ಕಚೇರಿಯವರು ಸಿದ್ಧಪಡಿಸಿದ ವಿಷಯಗಳು. ಇಡೀ ಪಟ್ಟಿಯಲ್ಲಿ ಅವರು ಬರೆಯಲಾಗದ ಸಾಲು ಒಂದೇ, ಕಟ್ಟಕಡೆಯದು: 'ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು'. ಎಂಟು ದಿನಕ್ಕೊಮ್ಮೆ ಬರುವ ನಳದ ನೀರು, ಕೆಟ್ಟು ನಿಂತ ಕೊಳವೆಬಾವಿಯ ಮೋಟಾರು, ಸ್ಮಶಾನಕ್ಕಿಲ್ಲದ ದಾರಿ ಇವು ಸಭೆಯೊಳಗೆ ಬರುವುದು ಆ ಸಾಲಿನಿಂದಲೇ. ಅಷ್ಟು ಹೊತ್ತಿಗೆ ಚಹಾ-ಮಿರ್ಚಿ ಬಂದಿರುತ್ತದೆ, ಮುಖ್ಯಾಧಿಕಾರಿ ಕಡತ ಕಟ್ಟತೊಡಗಿರುತ್ತಾರೆ, ಹಿಂದಿನ ಸಾಲಿನ ಸದಸ್ಯೆಯೊಬ್ಬರು ಸೆರಗು ಸರಿಪಡಿಸಿಕೊಂಡು ಎದ್ದು ನಿಲ್ಲುತ್ತಾರೆ. 'ಹೇಳ್ರೀ, ನಿಮ್ಮ ವಾರ್ಡಿಂದೇನು?' ಎಂದು ಅಧ್ಯಕ್ಷರು ಕೇಳಿದರೆ ಅದು ನಡಾವಳಿ ಪುಸ್ತಕದಲ್ಲಿ ಬರೆಯಲ್ಪಡುತ್ತದೆ. ಮುಂದಿನ ತಿಂಗಳು ಅದನ್ನೇ ಮೊದಲು ಓದಬೇಕಾಗುತ್ತದೆ.