ಐಟಿಯವರಿಗೆ ಏನು ಇಷ್ಟ, ಏನು ಕಷ್ಟ: ಊರಿನ ನಂಬಿಕೆ, ಒಳಗಿನ ಸತ್ಯ

ಸಾಫ್ಟ್‌ವೇರ್ ಕೆಲಸದವರ ಬಗ್ಗೆ ನಮ್ಮ ಊರುಗಳಲ್ಲಿ ಎರಡು ಮಾತು ಒಟ್ಟಿಗೇ ಚಾಲ್ತಿಯಲ್ಲಿವೆ. 'ಅವರಿಗೇನ್ರೀ ಕಮ್ಮಿ, ಎಸಿಯಲ್ಲಿ ಕೂತು ಲಕ್ಷ ಎಣಿಸ್ತಾರೆ' ಅನ್ನುವುದು ಒಂದು. 'ಪಾಪ, ಹಗಲೂ ರಾತ್ರಿ ಕಂಪ್ಯೂಟರ್ ಮುಂದೆ, ಅದೂ ಒಂದು ಬದುಕೇ' ಅನ್ನುವುದು ಇನ್ನೊಂದು. ಬೆಳಿಗ್ಗೆ ಮೊದಲನೆಯದನ್ನು ಹೇಳಿದವರೇ ಸಂಜೆ ಎರಡನೆಯದನ್ನೂ ಹೇಳುವುದುಂಟು. ದೇಶದಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಜನ ಈ ಉದ್ಯಮದಲ್ಲಿದ್ದಾರೆ, ಅದರಲ್ಲಿ ದೊಡ್ಡ ಪಾಲು ಬೆಂಗಳೂರಿನದು. ಆದರೂ ಅಸೂಯೆ ಮತ್ತು ಅನುಕಂಪ ಎರಡೂ ತಪ್ಪು ಜಾಗದಲ್ಲೇ ಬೀಳುತ್ತಿವೆ. ಹೊರಗಿನವರು ಸುಖ ಅಂದುಕೊಂಡದ್ದು ಒಳಗಿನವರಿಗೆ ದೊಡ್ಡ ವಿಷಯವೇ ಅಲ್ಲ. ಅವರನ್ನು ನಿಜವಾಗಿ ಕೊರೆಯುವುದು ಹೊರಗೆ ಕಾಣುವುದೂ ಇಲ್ಲ.

ನಂಬಿಕೆ: ಐಟಿ ಅಂದರೆ ಲಕ್ಷದ ಸಂಬಳ

ದೊಡ್ಡ ಸರ್ವಿಸ್ ಕಂಪನಿಗಳು, ಅಂದರೆ ಬೇರೆ ಸಂಸ್ಥೆಗಳ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವವು, ಹೊಸ ಎಂಜಿನಿಯರುಗಳನ್ನು ಇವತ್ತಿಗೂ ಹೆಚ್ಚಾಗಿ ತೆಗೆದುಕೊಳ್ಳುವುದು ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲಿ. ಒಂದೂವರೆ ದಶಕದ ಹಿಂದೆಯೂ ಇದು ಮೂರು, ಮೂರೂಕಾಲು ಲಕ್ಷವೇ ಇತ್ತು. ಈ ನಡುವೆ ಬೆಂಗಳೂರಿನ ಪಿಜಿ ಬಾಡಿಗೆ, ಬಸ್ ಚಾರ್ಜು, ಮಸಾಲೆ ದೋಸೆಯ ಬೆಲೆ ಎಲ್ಲಿಗೆ ಹೋಯಿತೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

'3 ಲಕ್ಷ 60 ಸಾವಿರ ಪ್ಯಾಕೇಜ್' ಅಂದಾಗ ಮನೆಯವರು ಅದನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 30,000 ಅಂದುಕೊಳ್ಳುತ್ತಾರೆ. ಒಂದು ಮಾದರಿ ಲೆಕ್ಕ ಹಾಕೋಣ. ಆ 3,60,000 ಅನ್ನುವುದು ಸಿಟಿಸಿ, ಅಂದರೆ ಈ ನೌಕರನಿಗಾಗಿ ಕಂಪನಿಗೆ ತಗಲುವ ಒಟ್ಟು ಖರ್ಚು. ಅದರಲ್ಲಿ 24,000 ವೇರಿಯಬಲ್ ಪೇ ಎಂದಿಟ್ಟುಕೊಳ್ಳಿ, ಅದು ಬಂದರೆ ಬಂತು. ಕಂಪನಿ ಕಟ್ಟುವ ಪಿಎಫ್ ತಿಂಗಳಿಗೆ 1,800ರಂತೆ 21,600. ಗ್ರಾಚ್ಯುಟಿ ಹೆಸರಿನಲ್ಲಿ ಎಂಟೂವರೆ ಸಾವಿರದ ಮೇಲೆ. ವಿಮೆಗೆ ಒಂದು ಆರು ಸಾವಿರ. ಇಷ್ಟನ್ನು ಕಳೆದರೆ ತಿಂಗಳಿಗೆ ಉಳಿಯುವುದು 25,000ಕ್ಕೆ ತುಸು ಕಡಿಮೆ. ಇದರಲ್ಲಿ ನೌಕರನ ಪಾಲಿನ ಪಿಎಫ್ ಮತ್ತೊಂದು 1,800 ಹೋಗುತ್ತದೆ. ಕೊನೆಗೆ ಬ್ಯಾಂಕಿಗೆ ಬೀಳುವುದು 23,000 ಚಿಲ್ಲರೆ. ಎಲೆಕ್ಟ್ರಾನಿಕ್ ಸಿಟಿಯ ಪಿಜಿಗೆ ಕೊಟ್ಟು, ಓಡಾಟಕ್ಕೆ ಇಟ್ಟುಕೊಂಡು, ಶಿಕ್ಷಣ ಸಾಲದ ಕಂತು ಕಟ್ಟಿದ ಮೇಲೆ ಊರಿಗೆ ಎಷ್ಟು ಕಳಿಸಬಹುದು, ನೀವೇ ಹೇಳಿ.

ಲಕ್ಷದ ಸಂಬಳ ಸುಳ್ಳೇನಲ್ಲ. ಸ್ವಂತ ಸಾಫ್ಟ್‌ವೇರ್ ಮಾಡಿ ಮಾರುವ ಪ್ರಾಡಕ್ಟ್ ಕಂಪನಿಗಳಲ್ಲಿ, ವಿದೇಶಿ ಸಂಸ್ಥೆಗಳು ಇಲ್ಲಿ ತೆರೆದಿರುವ ಸ್ವಂತ ಕೇಂದ್ರಗಳಲ್ಲಿ, ಎಂಟು ಹತ್ತು ವರ್ಷ ಅನುಭವವಿರುವವರಿಗೆ ಅದು ಸಿಗುತ್ತದೆ. ಆದರೆ ಒಂದೇ 'ಸಾಫ್ಟ್‌ವೇರ್' ಎಂಬ ಹೆಸರಿನಡಿ 23,000ದವನೂ ಮೂರು ಲಕ್ಷದವನೂ ಇದ್ದಾರೆ. ಮನೆ ಮಾಲೀಕರು ಬಾಡಿಗೆ ಹೇಳುವುದು ಮಾತ್ರ ಎರಡನೆಯವನನ್ನು ಮನಸ್ಸಿನಲ್ಲಿಟ್ಟುಕೊಂಡು.

ನಂಬಿಕೆ: ಕೈತುಂಬ ಕೊಟ್ಟರೆ ಖುಷಿಯಾಗಿರುತ್ತಾರೆ

ಎಲ್ಲಕ್ಕಿಂತ ಆಳವಾಗಿ ಬೇರೂರಿರುವ ತಪ್ಪು ಕಲ್ಪನೆ ಇದು, ಕಂಪನಿಯ ಎಚ್‌ಆರ್ ವಿಭಾಗಗಳಲ್ಲೂ ಇದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಎಂಜಿನಿಯರುಗಳು ಮತ್ತು ಅಕೌಂಟೆಂಟರನ್ನು ಮಾತಾಡಿಸಿ 1959ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಕೆಲಸದಲ್ಲಿ ತುಂಬಾ ಖುಷಿಯಾದ ಸಂದರ್ಭ ಯಾವುದು, ತುಂಬಾ ಬೇಸರವಾದ ಸಂದರ್ಭ ಯಾವುದು ಎಂದು ಕೇಳಿದ್ದರು. ಬಂದ ಉತ್ತರಗಳು ಒಂದಕ್ಕೊಂದು ವಿರುದ್ಧವಾಗಿರಲಿಲ್ಲ, ಎರಡು ಬೇರೆಬೇರೆ ಪಟ್ಟಿಗಳೇ ಆಗಿದ್ದವು. ಖುಷಿಯ ಪಟ್ಟಿಯಲ್ಲಿದ್ದದ್ದು ಏನನ್ನೋ ಸಾಧಿಸಿದ ತೃಪ್ತಿ, ಅದನ್ನು ಗುರುತಿಸಿದವರು, ಕೆಲಸದ ಸ್ವಾರಸ್ಯ, ಸಿಕ್ಕ ಹೊಣೆ. ಬೇಸರದ ಪಟ್ಟಿಯಲ್ಲಿ ಕಂಪನಿಯ ನಿಯಮಗಳು, ಮೇಲಧಿಕಾರಿ, ಸಂಬಳ, ಕೆಲಸದ ವಾತಾವರಣ.

ಸಾರಿಗೆ ಉಪ್ಪು ಹಾಕದಿದ್ದರೆ ಪಂಕ್ತಿಯಲ್ಲಿ ಕೂತ ಎಲ್ಲರೂ ಹೇಳುತ್ತಾರೆ. ಉಪ್ಪು ಹದವಾಗಿದ್ದರೆ 'ಎಂಥಾ ಉಪ್ಪು ಮಾರಾಯ್ರೆ' ಎಂದು ಯಾರೂ ಹೊಗಳುವುದಿಲ್ಲ. ಸಂಬಳವೂ ಹೀಗೆಯೇ.

ಹರ್ಜ್‌ಬರ್ಗ್ ವಾದವನ್ನು ಒಪ್ಪದವರೂ ಇದ್ದಾರೆ. ಒಳ್ಳೆಯದಾದರೆ ನನ್ನಿಂದ, ಕೆಟ್ಟದ್ದಾದರೆ ಕಂಪನಿಯಿಂದ ಎಂದು ಹೇಳುವುದು ಮನುಷ್ಯ ಸ್ವಭಾವ, ಪಟ್ಟಿಗಳು ಬೇರೆಯಾದದ್ದು ಅದಕ್ಕೇ ಎಂಬುದು ಅವರ ತಕರಾರು. ತಕರಾರಿನಲ್ಲಿ ಹುರುಳಿದೆ. ಆದರೂ ಯಾವುದೇ ಟೆಕ್ ಪಾರ್ಕಿನ ಚಹಾ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಆ ಎರಡು ಪಟ್ಟಿಗಳೂ ಕಿವಿಗೆ ಬೀಳುತ್ತವೆ. ಮೂರು ದಿನದಿಂದ ಯಾರಿಗೂ ಸಿಗದಿದ್ದ ಬಗ್ ಒಂದನ್ನು ಹಿಡಿದವಳ ಮುಖದಲ್ಲಿರುವ ಗೆಲುವು ಸಂಬಳದ ಹೈಕ್ ಬಂದ ದಿನವೂ ಇರುವುದಿಲ್ಲ. ಹೈಕ್ ಬಂದ ದಿನದ ಮಾತು ಬೇರೆ: 'ನಿನಗೆಷ್ಟು? ನನಗೆ ಯಾಕೆ ಅಷ್ಟಿಲ್ಲ?' ಐದು ವರ್ಷದಿಂದ ಇರುವವನಿಗಿಂತ ನಿನ್ನೆ ಹೊರಗಿನಿಂದ ಬಂದ ಅಷ್ಟೇ ಅನುಭವದವನಿಗೆ ಜಾಸ್ತಿ ಕೊಟ್ಟಿರುತ್ತಾರೆ. ಅಲ್ಲಿ ನೋವಾಗುವುದು ಮೊತ್ತಕ್ಕಲ್ಲ, ಹೋಲಿಕೆಗೆ.

ನಂಬಿಕೆ: ಈಜುಕೊಳ, ಜಿಮ್, ಫುಡ್ ಕೋರ್ಟ್ ಇರುವಾಗ ಇನ್ನೇನು ಬೇಕು

ಕ್ಯಾಂಪಸ್ ನೋಡಲು ಬಂದ ಅಪ್ಪ ಅಮ್ಮ ಬೆರಗಾಗುವುದು ಸಹಜ. ಮೈಸೂರಿನ ಇನ್ಫೋಸಿಸ್ ತರಬೇತಿ ಕೇಂದ್ರವಂತೂ ನೂರಾರು ಎಕರೆಯಲ್ಲಿ ಒಂದು ಪುಟ್ಟ ಪಟ್ಟಣದಂತಿದೆ. ಆದರೆ ಒಳಗಿರುವ ತರಬೇತಿ ನೌಕರನಿಗೆ ಅದು ಪರೀಕ್ಷಾ ಕೇಂದ್ರ. ಆಂತರಿಕ ಪರೀಕ್ಷೆಯಲ್ಲಿ ಮೂರು ಅವಕಾಶಗಳಲ್ಲೂ ತೇರ್ಗಡೆಯಾಗದ 300ಕ್ಕೂ ಹೆಚ್ಚು ಮಂದಿಯನ್ನು 2025ರ ಫೆಬ್ರವರಿಯಲ್ಲಿ ಅಲ್ಲಿಂದ ಕಳಿಸಲಾಯಿತು. ದೂರು ಕಾರ್ಮಿಕ ಇಲಾಖೆಯವರೆಗೆ ಹೋಯಿತು. ಈಜುಕೊಳದಿಂದ ಕಂಪನಿಯ ಮೇಲೆ ಪ್ರೀತಿ ಹುಟ್ಟಿದವರನ್ನು ನಾನಂತೂ ಕಂಡಿಲ್ಲ. ರಾತ್ರಿ ಪಾಳಿಯ ಕ್ಯಾಬು, ಶಿಶುಪಾಲನಾ ಕೇಂದ್ರ, ಅಪ್ಪ ಅಮ್ಮನನ್ನೂ ಸೇರಿಸಿಕೊಳ್ಳುವ ಆರೋಗ್ಯ ವಿಮೆಯನ್ನು ಮನಸಾರೆ ಹೊಗಳುವವರು ಬೇಕಾದಷ್ಟು ಮಂದಿ.

ನಂಬಿಕೆ: ಅವರ ಕಷ್ಟವೆಲ್ಲ ಹೆಚ್ಚು ಗಂಟೆ ದುಡಿಯುವುದು

2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಹಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿ ಅವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ದೇಶವೆಲ್ಲ ಗಂಟೆ ಎಣಿಸತೊಡಗಿತು. ಒಳಗಿನವರನ್ನು ಕೇಳಿದರೆ ಗಂಟೆಗಿಂತ ಬೇರೆ ದೂರೇ ಮೊದಲು ಬರುತ್ತದೆ: ದಿನ ತುಂಡುತುಂಡಾಗಿರುತ್ತದೆ.

ಕ್ಲೈಂಟ್ ಇರುವುದು ಅಮೆರಿಕದಲ್ಲಿ ಎಂದಿಟ್ಟುಕೊಳ್ಳಿ. ಅಲ್ಲಿನ ಪಶ್ಚಿಮ ಕರಾವಳಿಗೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ. ಅಲ್ಲಿನ ಬೆಳಿಗ್ಗೆ ಒಂಬತ್ತು ಇಲ್ಲಿನ ರಾತ್ರಿ ಒಂಬತ್ತೂವರೆ ಅಥವಾ ಹತ್ತೂವರೆ. ಬೆಳಿಗ್ಗೆ ಹತ್ತಕ್ಕೆ ಇಲ್ಲಿನ ತಂಡದ ಸ್ಟ್ಯಾಂಡಪ್ ಎಂಬ ದಿನದ ಕಿರುಸಭೆ, ಹನ್ನೊಂದಕ್ಕೆ ಇನ್ನೊಂದು ಮೀಟಿಂಗ್, ಮಧ್ಯಾಹ್ನ ಟೈಮ್‌ಶೀಟ್ ತುಂಬಿಸಿಲ್ಲವೆಂಬ ಮೇಲ್, ನಡುನಡುವೆ ಚಾಟ್‌ನಲ್ಲಿ 'ಎರಡು ನಿಮಿಷ ಫ್ರೀ ಇದ್ದೀಯಾ?' ಎಂಬ ಕರೆ. ಕೋಡ್ ಬರೆಯಲು ತಡೆಯಿಲ್ಲದ ಎರಡು ಗಂಟೆ ಸಿಕ್ಕರೆ ಆ ದಿನ ಹಬ್ಬ. ಸಂಜೆ ಮಗುವಿನ ಹೋಂವರ್ಕ್ ಮುಗಿಸಿ, ರಾತ್ರಿ ಮತ್ತೆ ಹೆಡ್‌ಫೋನ್ ಹಾಕಿಕೊಂಡು ಕ್ಲೈಂಟ್ ಕರೆ. ಒಟ್ಟು ಲೆಕ್ಕ ಹಾಕಿದರೆ ಕೆಲಸದ ಗಂಟೆ ಒಂಬತ್ತೇ ಇರಬಹುದು. ಆದರೆ ಬೆಳಿಗ್ಗೆ ಹತ್ತರಿಂದ ರಾತ್ರಿ ಹನ್ನೊಂದರ ನಡುವೆ ಪೂರ್ತಿ ತನ್ನದು ಅನ್ನುವ ಹೊತ್ತು ಒಂದೂ ಇರುವುದಿಲ್ಲ.

ಆನ್‌ಕಾಲ್ ಸರದಿ, ಅಂದರೆ ಯಾವ ಹೊತ್ತಿನಲ್ಲಿ ತೊಂದರೆಯ ಕರೆ ಬಂದರೂ ಸರಿಪಡಿಸಬೇಕಾದ ಪಾಳಿ ಬಂದ ವಾರ ಇನ್ನೂ ಬೇರೆ. ಆ ವಾರವಿಡೀ ಒಂದು ಕರೆಯೂ ಬಾರದೆ ಹೋಗಬಹುದು. ಆದರೂ ಮದುವೆ ಮನೆಗೆ ಲ್ಯಾಪ್‌ಟಾಪ್ ಚೀಲದ ಸಮೇತ ಹೋಗಬೇಕು. ನೆಂಟರು ಅದನ್ನು ಜಂಬ ಅಂದುಕೊಳ್ಳುತ್ತಾರೆ.

ನಂಬಿಕೆ: ಬುದ್ಧಿವಂತರಿಗೆ ಮ್ಯಾನೇಜರ್ ಬೇಕಾಗಿಲ್ಲ

ಇದನ್ನು ನಿಜವೆಂದು ನಂಬಿದ್ದವರು ಗೂಗಲ್‌ನ ಸ್ಥಾಪಕರೇ. 2002ರಲ್ಲಿ ಅವರು ಎಂಜಿನಿಯರಿಂಗ್ ಮ್ಯಾನೇಜರ್ ಎಂಬ ಹುದ್ದೆಯನ್ನೇ ತೆಗೆದು ನೋಡಿದರು. ಕೆಲವೇ ತಿಂಗಳಲ್ಲಿ ಖರ್ಚಿನ ಬಿಲ್ಲು, ಸಹೋದ್ಯೋಗಿಗಳ ಜಗಳ ಎಲ್ಲ ನೇರವಾಗಿ ಲ್ಯಾರಿ ಪೇಜ್ ಅವರ ಮೇಜಿಗೆ ಬರತೊಡಗಿದವು. ಪ್ರಯೋಗ ಅಲ್ಲಿಗೆ ನಿಂತಿತು. ಕೆಲವು ವರ್ಷಗಳ ನಂತರ 'ಪ್ರಾಜೆಕ್ಟ್ ಆಕ್ಸಿಜನ್' ಹೆಸರಿನಲ್ಲಿ ಅದೇ ಕಂಪನಿ ತನ್ನ ಮ್ಯಾನೇಜರುಗಳ ಅಂಕಿಅಂಶ ತೆಗೆದು ನೋಡಿತು. ಒಳ್ಳೆಯ ಮ್ಯಾನೇಜರ್ ಇದ್ದ ತಂಡಗಳಲ್ಲಿ ಕೆಲಸ ಬಿಡುವವರು ಕಡಿಮೆ, ತೃಪ್ತಿ ಹೆಚ್ಚು. ಅಂಥವರ ಎಂಟು ಗುಣಗಳ ಪಟ್ಟಿಯಲ್ಲಿ ಮೊದಲಿಗೆ ಬಂದದ್ದು ಕಲಿಸಿ ಬೆಳೆಸುವ ಗುಣ. ತಾಂತ್ರಿಕ ಜ್ಞಾನ ಎಂಟನೆಯದು, ಅಂದರೆ ಕೊನೆಯದು.

ನಮ್ಮಲ್ಲಿ ಆಗುವುದು ಇದರ ತಿರುವುಮುರುವು. ಚೆನ್ನಾಗಿ ಕೋಡ್ ಬರೆಯುವವನನ್ನು ಎತ್ತಿ ಮ್ಯಾನೇಜರ್ ಮಾಡುತ್ತಾರೆ. ಕಂಪನಿ ಒಬ್ಬ ಒಳ್ಳೆಯ ಎಂಜಿನಿಯರನನ್ನು ಕಳೆದುಕೊಂಡು, ಜನರೊಡನೆ ಏಗಲು ಬಾರದ ಒಬ್ಬ ಮೇಲಧಿಕಾರಿಯನ್ನು ಪಡೆಯುತ್ತದೆ. ವರ್ಷಕ್ಕೊಮ್ಮೆ ಅಪ್ರೈಸಲ್ ಹೊತ್ತಿಗೆ ಅವನ ಕೈಯಲ್ಲಿ ರೇಟಿಂಗ್ ಇರುತ್ತದೆ. ಹತ್ತೂ ಜನ ಚೆನ್ನಾಗಿ ದುಡಿದಿದ್ದರೂ ಒಬ್ಬರನ್ನಾದರೂ ಕೆಳಗಿಡಲೇಬೇಕು ಎಂಬ 'ಬೆಲ್ ಕರ್ವ್' ಲೆಕ್ಕದಷ್ಟು ಮನಸ್ಸು ಮುರಿದದ್ದು ಇನ್ನೊಂದಿಲ್ಲ. ಮೈಕ್ರೋಸಾಫ್ಟ್ ಇಂಥ ಪದ್ಧತಿಯನ್ನು 2013ರಲ್ಲೇ ಕೈಬಿಟ್ಟಿತು. ಹಲವು ಕಂಪನಿಗಳು ಹೆಸರು ಬದಲಿಸಿ ಲೆಕ್ಕ ಉಳಿಸಿಕೊಂಡಿವೆ.

ನಂಬಿಕೆ: ಮನೆಯಿಂದ ಕೆಲಸ ಅಂದರೆ ಸೋಮಾರಿತನ

ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯಲ್ಲಿ ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮನೆಯಿಂದ ದುಡಿದ ಕಾಲ್ ಸೆಂಟರ್ ನೌಕರರ ಕೆಲಸ ಶೇ 13ರಷ್ಟು ಏರಿತ್ತು, ಬಿಟ್ಟುಹೋಗುವವರು ಅರ್ಧಕ್ಕೆ ಇಳಿದಿದ್ದರು. ಇದನ್ನು ಐಟಿಯವರು ಬಾಯಿಪಾಠ ಮಾಡಿಕೊಂಡಿದ್ದಾರೆ. ಅವರು ಹೇಳದೆ ಬಿಡುವ ಇನ್ನರ್ಧವೂ ಇದೆ: ಪ್ರಯೋಗ ಮುಗಿದಾಗ ಮನೆಯಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಆಫೀಸಿಗೇ ವಾಪಸ್ ಬಂದರು. ಮುಖ್ಯ ಕಾರಣ ಒಂಟಿತನ.

ಅದೇ ಕಂಪನಿಯಲ್ಲಿ ಎಂಜಿನಿಯರುಗಳನ್ನೂ ಒಳಗೊಂಡಂತೆ 1,612 ಪದವೀಧರರ ಮೇಲೆ ಮತ್ತೊಂದು ಪ್ರಯೋಗ ನಡೆಯಿತು. 2024ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಕೆಲಸದ ಗುಣಮಟ್ಟಕ್ಕೆ ಏನೂ ಆಗಲಿಲ್ಲ, ಕೆಲಸ ಬಿಡುವವರ ಪ್ರಮಾಣ ಮೂರನೇ ಒಂದರಷ್ಟು ತಗ್ಗಿತು. ಅಲ್ಲಿನ ಮ್ಯಾನೇಜರುಗಳು ಮೊದಲು ಉತ್ಪಾದಕತೆ ಕುಸಿಯುತ್ತದೆ ಎಂದು ಅಂದಾಜಿಸಿದ್ದರು, ಆಮೇಲೆ ಅಭಿಪ್ರಾಯ ಬದಲಿಸಿದರು.

ಐಟಿಯವರು ಮನೆಯಿಂದ ಕೆಲಸ ಬಯಸುವುದಕ್ಕೆ ಬೆಂಗಳೂರಿನದೇ ಒಂದು ಕಾರಣ ಸೇರಿಸಿ. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಇಲ್ಲಿ 10 ಕಿ.ಮೀ. ಕ್ರಮಿಸಲು ಸರಾಸರಿ 34 ನಿಮಿಷ. ಅದು ಸರಾಸರಿ ಅಷ್ಟೇ, ಸಿಲ್ಕ್ ಬೋರ್ಡಿನಲ್ಲಿ ಸಂಜೆ ಏಳಕ್ಕೆ ನಿಂತವರು ನಗುತ್ತಾರೆ. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೊ ಬಂದಾಗ ಎಲೆಕ್ಟ್ರಾನಿಕ್ ಸಿಟಿಯವರು ಪಟ್ಟ ಸಂತೋಷ ಯಾವ ಕಂಪನಿಯ ಬೋನಸ್ಸಿಗೂ ಕಡಿಮೆಯಿರಲಿಲ್ಲ.

ನಂಬಿಕೆ: ಬಿಡುವವರು ಕಡಿಮೆಯಾದರೆ ಇರುವವರು ತೃಪ್ತರು

ಇನ್ಫೋಸಿಸ್‌ನಲ್ಲಿ ಕೆಲಸ ಬಿಡುವವರ ಪ್ರಮಾಣ 2022ರ ಏಪ್ರಿಲ್–ಜೂನ್ ಅವಧಿಯಲ್ಲಿ ಶೇ 28.4 ಇತ್ತು. ಎರಡು ವರ್ಷದ ನಂತರ ಅದೇ ಅವಧಿಯಲ್ಲಿ ಶೇ 12.7ಕ್ಕೆ ಇಳಿಯಿತು. ಅಷ್ಟರಲ್ಲಿ ನೌಕರರಿಗೆ ಕಂಪನಿಯ ಮೇಲೆ ಅಕ್ಕರೆ ಉಕ್ಕಿತೆ? ಕೋವಿಡ್ ಕಾಲದ ನೇಮಕಾತಿ ಭರಾಟೆ ತಣ್ಣಗಾಗಿ, ಉದ್ಯಮದಲ್ಲೇ ಹೊರಗೆ ಕರೆಯುವವರು ಇಲ್ಲವಾಗಿದ್ದರು, ಅಷ್ಟೇ. 2025ರ ಜುಲೈಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯ ಶೇ 2ರಷ್ಟು, ಅಂದರೆ ಸುಮಾರು 12,000 ಜನರನ್ನು ಕಡಿತ ಮಾಡುವುದಾಗಿ ಹೇಳಿತು. ಕುತ್ತು ಬಂದದ್ದು ಹೆಚ್ಚಾಗಿ ಮಧ್ಯಮ ಮತ್ತು ಮೇಲಿನ ಹಂತದವರಿಗೆ, ಅಂದರೆ ಗೃಹಸಾಲದ ಕಂತು ಕಟ್ಟುತ್ತಿರುವ ವಯಸ್ಸಿನವರಿಗೆ. ಇಂಥ ಹೊತ್ತಿನಲ್ಲಿ ಸುಮ್ಮನಿರುವುದನ್ನು ತೃಪ್ತಿ ಎಂದು ಓದುವುದು ಎಚ್‌ಆರ್ ಸ್ಲೈಡುಗಳಿಗೆ ಮಾತ್ರ ಸಾಧ್ಯ.

ನಂಬಿಕೆ: ಐಟಿಗೆ ಕಾರ್ಮಿಕ ಕಾನೂನು ಅನ್ವಯಿಸುವುದಿಲ್ಲ

ನೌಕರರಲ್ಲೇ ಬಹಳ ಮಂದಿ ಹೀಗೆ ನಂಬಿದ್ದಾರೆ. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ವರ್ಷಗಟ್ಟಲೆ ಕೊಡುತ್ತ ಬಂದದ್ದು ಕಂಪನಿಯ ಸೇವಾ ನಿಯಮಗಳಿಗೆ ಸಂಬಂಧಿಸಿದ ಸ್ಥಾಯಿ ಆದೇಶಗಳ ಕಾಯ್ದೆಯೊಂದರಿಂದ ಮಾತ್ರ ವಿನಾಯಿತಿ. 2024ರಲ್ಲಿ ಅದನ್ನು ಮುಂದುವರಿಸಿದಾಗಲೂ ದೂರು ಪರಿಹಾರ ಸಮಿತಿ ಇರಬೇಕು, ವಜಾ ಮತ್ತು ಅಮಾನತಿನ ವಿವರ ಕಾರ್ಮಿಕ ಇಲಾಖೆಗೆ ಕೊಡಬೇಕು ಎಂಬ ಷರತ್ತುಗಳಿದ್ದವು. ಪಿಎಫ್, ಗ್ರಾಚ್ಯುಟಿ, 26 ವಾರಗಳ ಹೆರಿಗೆ ರಜೆ ಇವೆಲ್ಲ ಬೇರೆಯವರಿಗಿರುವಂತೆಯೇ ಇವರಿಗೂ ಇವೆ. ಸಂಘವೂ ಇದೆ: ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ. ದಿನದ ಕೆಲಸವನ್ನು 12 ಗಂಟೆಗೂ ಮೀರಿ ವಿಸ್ತರಿಸುವ ಪ್ರಸ್ತಾಪ 2024ರ ಜುಲೈಯಲ್ಲಿ ಬಂದಾಗ ಬೀದಿಗಿಳಿದದ್ದು ಅದೇ.

ಮನೆಯಲ್ಲಿ ಯಾರಿಗಾದರೂ ಈ ವರ್ಷ ಆಫರ್ ಲೆಟರ್ ಬಂದರೆ, ಪ್ಯಾಕೇಜ್ ಎಷ್ಟೆಂದು ನೆಂಟರಿಗೆ ಹೇಳುವ ಮೊದಲು ನಾಲ್ಕು ವಿಷಯ ಕೇಳಿಸಿ: ತಿಂಗಳಿಗೆ ಕೈಗೆ ಬರುವುದೆಷ್ಟು, ಕ್ಲೈಂಟ್ ಯಾವ ದೇಶದವರು, ಕೆಲಸ ಬಿಡಬೇಕೆಂದರೆ ನೋಟಿಸ್ ಅವಧಿ ಎಷ್ಟು ದಿನ, ಮ್ಯಾನೇಜರ್ ಆಗುವವರ ಜೊತೆ ಒಮ್ಮೆ ಮಾತಾಡಬಹುದೇ. ಉತ್ತರಗಳನ್ನು ಇಮೇಲಿನಲ್ಲಿ ತರಿಸಿಕೊಂಡು, ಆಮೇಲೆ ಸಹಿ ಹಾಕಲಿ.