ಚಳಿಗಾಲಕ್ಕೆ ಹೆದರಿದೆವು, ಬೇಸಿಗೆಗೆ ಸೋತೆವು

2020ರ ಅಕ್ಟೋಬರ್ ತಿಂಗಳ ಕೊನೆಯ ವಾರ. ಬೆಂಗಳೂರಿನಲ್ಲಿ ಮಳೆ ಇನ್ನೂ ಪೂರ್ತಿಯಾಗಿ ಬಿಟ್ಟಿರಲಿಲ್ಲ. ಆದರೆ ಬೆಳಗಿನ ಗಾಳಿಯಲ್ಲಿ ಚಳಿಯ ಸುಳಿವು ಸೇರಿಕೊಂಡಿತ್ತು. ನೆರೆಮನೆಯಲ್ಲಿ ವಾಸವಾಗಿದ್ದ ನಿವೃತ್ತ ಶಾಲಾ ಮೇಷ್ಟ್ರೊಬ್ಬರು ಕಾಂಪೌಂಡ್ ಗೋಡೆಯ ಆಚೆಯಿಂದಲೇ, ಮೂಗು ಬಾಯಿ ಮುಚ್ಚಿದ ಮಾಸ್ಕಿನೊಳಗಿನಿಂದ ನನ್ನನ್ನು ಕೇಳಿದರು: ‘ಏನಪ್ಪಾ, ಈ ಚಳಿಗಾಲ ದಾಟ್ತೀವಾ?’ ಎಪ್ಪತ್ತು ದಾಟಿದ್ದ ಅವರಿಗೆ ಸಕ್ಕರೆ ಕಾಯಿಲೆಯಿತ್ತು. ನಮ್ಮ ಮನೆಯೊಳಗೆ ಉಬ್ಬಸದಿಂದ ಬಳಲುವ ತಾಯಿಯಿದ್ದರು. ಮೇಷ್ಟ್ರ ಪ್ರಶ್ನೆ ತಮಾಷೆಯ ಧಾಟಿಯಲ್ಲಿತ್ತಾದರೂ ಅದಕ್ಕೆ ನಗಲು ನನಗೆ ಸಾಧ್ಯವಾಗಲಿಲ್ಲ. ‘ದಾಟೋಣ ಮೇಷ್ಟ್ರೇ, ದಾಟದೆ ಏನು’ ಎಂದಷ್ಟೇ ಹೇಳಿ ಒಳಗೆ ಬಂದೆ.

ಆ ದಿನಗಳಲ್ಲಿ ಈ ಪ್ರಶ್ನೆ ಅವರೊಬ್ಬರದೇ ಆಗಿರಲಿಲ್ಲ. ಸೆಪ್ಟೆಂಬರ್ ಮಧ್ಯಭಾಗದಲ್ಲಿ ದೇಶದ ದೈನಿಕ ಸೋಂಕಿನ ಸಂಖ್ಯೆ 97 ಸಾವಿರವನ್ನು ದಾಟಿ ಇಳಿಮುಖವಾಗಿತ್ತು. ಕರ್ನಾಟಕದಲ್ಲಿ ಅಕ್ಟೋಬರ್ ಮೊದಲ ವಾರ ಹತ್ತು ಸಾವಿರದ ಗಡಿ ದಾಟಿದ್ದ ಸಂಖ್ಯೆಯೂ ತಗ್ಗತೊಡಗಿತ್ತು. ಆದರೂ ಯಾರೊಬ್ಬರೂ ನಿಟ್ಟುಸಿರು ಬಿಡುವ ಧೈರ್ಯ ತೋರಲಿಲ್ಲ. ಕೇಂದ್ರ ಸರ್ಕಾರ ನೇಮಿಸಿದ್ದ ಪರಿಣತರ ಸಮಿತಿಯು, ಹಬ್ಬಗಳ ಕಾಲದಲ್ಲಿ ಎಚ್ಚರ ತಪ್ಪಿದರೆ ಒಂದೇ ತಿಂಗಳಲ್ಲಿ 26 ಲಕ್ಷ ಜನರಿಗೆ ಸೋಂಕು ತಗಲಬಹುದು ಎಂದು ಅಕ್ಟೋಬರಿನಲ್ಲಿ ಹೇಳಿತ್ತು. ಚಳಿಗಾಲದಲ್ಲಿ ಎರಡನೆಯ ಅಲೆ ಬರಲಾರದೆಂದು ಹೇಳಲಾಗದು ಎಂದು ನೀತಿ ಆಯೋಗದ ಡಾ. ವಿ.ಕೆ. ಪಾಲ್ ಎಚ್ಚರಿಸಿದ್ದರು. ನಮ್ಮದೇ ರಾಜ್ಯದ ತಾಂತ್ರಿಕ ಸಲಹಾ ಸಮಿತಿಯು ನವೆಂಬರ್ ಅಂತ್ಯದಲ್ಲಿ ವರದಿ ಕೊಟ್ಟು, 2021ರ ಜನವರಿ–ಫೆಬ್ರುವರಿಯಲ್ಲಿ ಎರಡನೆಯ ಅಲೆಯನ್ನು ನಿರೀಕ್ಷಿಸಬೇಕೆಂದಿತು.

ಈ ಭಯಕ್ಕೆ ಆಧಾರವಿಲ್ಲದಿರಲಿಲ್ಲ. ಶೀತಲವಾದ ಒಣ ಹವೆಯಲ್ಲಿ ಉಸಿರಾಟದ ವೈರಾಣುಗಳು ಹೆಚ್ಚು ಹೊತ್ತು ಉಳಿಯುತ್ತವೆ. ಕೆಮ್ಮು, ಮಾತುಗಳಿಂದ ಹೊಮ್ಮುವ ಹನಿಗಳು ಬೇಗ ಒಣಗಿ ಸೂಕ್ಷ್ಮ ಕಣಗಳಾಗಿ ಗಾಳಿಯಲ್ಲಿ ತೇಲುತ್ತವೆ. ಅದಕ್ಕಿಂತ ಮುಖ್ಯವಾಗಿ, ಚಳಿಗೆ ಮನುಷ್ಯರು ಕಿಟಕಿ ಬಾಗಿಲು ಮುಚ್ಚಿ ಒಂದೇ ಕೋಣೆಯಲ್ಲಿ ಒತ್ತಾಗಿ ಕೂರುತ್ತಾರೆ. 2020ರ ಬೇಸಿಗೆಯಲ್ಲಿ ತುಸು ಉಸಿರಾಡಿದ್ದ ಯುರೋಪ್, ಶರತ್ಕಾಲ ಬರುತ್ತಿದ್ದಂತೆ ಮತ್ತೆ ನಡುಗಿತ್ತು. ನವೆಂಬರ್ 5ರಂದು ಇಂಗ್ಲೆಂಡ್ ಎರಡನೆಯ ಬಾರಿ ಲಾಕ್‌ಡೌನ್ ಹೇರಿಕೊಂಡಿತು. ಅಲ್ಲಿನ ಆಸ್ಪತ್ರೆಗಳ ಚಿತ್ರಗಳನ್ನು ಟಿ.ವಿ.ಯಲ್ಲಿ ಕಂಡ ನಾವು, ಅದೇ ಚಳಿ ವಿಮಾನ ಹತ್ತಿ ಇಲ್ಲಿಗೂ ಬರುತ್ತದೆಂದು ಭಾವಿಸಿದೆವು.

ಭಯದ ಜೊತೆಯಲ್ಲೇ ಭರವಸೆಯೂ ಇತ್ತು. ನವೆಂಬರ್ 9ರಂದು ಫೈಜರ್ ಸಂಸ್ಥೆ ತನ್ನ ಲಸಿಕೆ ಪರಿಣಾಮಕಾರಿ ಎಂದು ಪ್ರಕಟಿಸಿತು. ಡಿಸೆಂಬರ್ 8ರಂದು ಬ್ರಿಟನ್ನಿನಲ್ಲಿ ತೊಂಬತ್ತು ವರ್ಷದ ಅಜ್ಜಿಯೊಬ್ಬರು ತೋಳು ಚಾಚಿ ಆ ಲಸಿಕೆ ಹಾಕಿಸಿಕೊಂಡ ದೃಶ್ಯವನ್ನು ನನ್ನ ತಾಯಿ ಎರಡೆರಡು ಸಲ ನೋಡಿದರು. ‘ನಮಗೆ ಯಾವಾಗ ಬರುತ್ತೋ’ ಎಂಬ ಅವರ ಮಾತಿನಲ್ಲಿ ಬೇಡಿಕೆಗಿಂತ ಹೆಚ್ಚಾಗಿ ಲೆಕ್ಕಾಚಾರವಿತ್ತು: ಇನ್ನು ಮೂರು ತಿಂಗಳು ಹುಷಾರಾಗಿದ್ದರೆ ಸಾಕು.

ಆ ಮೂರು ತಿಂಗಳಿಗಾಗಿ ನಾವು ನಡೆಸಿದ ಸಿದ್ಧತೆ ಈಗ ನೆನಪಿಸಿಕೊಂಡರೆ ಮರುಕವೂ ಗೌರವವೂ ಒಟ್ಟಿಗೆ ಮೂಡುತ್ತವೆ. ಬೆರಳ ತುದಿಗೆ ಸಿಕ್ಕಿಸಿ ಆಮ್ಲಜನಕದ ಪ್ರಮಾಣ ನೋಡುವ ಪುಟ್ಟ ಯಂತ್ರ ತಂದೆವು. ತಾಯಿಯ ಇನ್‌ಹೇಲರ್ ಎರಡು ತಿಂಗಳಿಗಾಗುವಷ್ಟು ಕೊಂಡಿಟ್ಟೆವು. ಸಂಜೆ ಮೆಣಸು, ಶುಂಠಿಯ ಕಷಾಯ ನಿತ್ಯವಿಧಿಯಾಯಿತು. ಮೈಸೂರು ದಸರೆಯ ಜಂಬೂ ಸವಾರಿ ಅರಮನೆಯ ಆವರಣದೊಳಗೇ ಮುಗಿಯಿತು. ದೀಪಾವಳಿಗೆ ಹಸಿರು ಪಟಾಕಿಗೆ ಮಾತ್ರ ಅನುಮತಿ ಸಿಕ್ಕಿತು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಎಂದಿನ ಕಡಲೆಕಾಯಿ ಪರಿಷೆಯ ಗದ್ದಲವಿರಲಿಲ್ಲ. ಅವರೆಕಾಯಿಯ ಕಾಲ ಬಂದಾಗ ಮೇಷ್ಟ್ರು ಸೊಗಡವರೆಯ ಒಂದು ಚೀಲವನ್ನು ನಮ್ಮ ಗೇಟಿಗೆ ನೇತುಹಾಕಿ, ಫೋನು ಮಾಡಿ ತಿಳಿಸಿದರು. ನಾವು ಹಿತಕಿದ ಬೇಳೆಯ ಸಾರನ್ನು ಡಬ್ಬಿಯಲ್ಲಿ ತುಂಬಿ ಅವರ ಗೇಟಿಗೆ ನೇತುಹಾಕಿ ಬಂದೆವು. ನಡುವೆ ಗೋಡೆಯಿದ್ದರೂ ಆ ಚಳಿಗಾಲದಲ್ಲಿ ನೆರೆಹೊರೆ ಎಂಬುದು ಸತ್ತಿರಲಿಲ್ಲ.

ಸರ್ಕಾರಕ್ಕೂ ಆಗ ದಿಗಿಲು. ಬ್ರಿಟನ್ನಿನಲ್ಲಿ ರೂಪಾಂತರಗೊಂಡ ವೈರಸ್ ಹರಡುತ್ತಿದೆಯೆಂಬ ಸುದ್ದಿ ಬಂದ ಕೂಡಲೇ ಡಿಸೆಂಬರಿನಲ್ಲಿ ಅಲ್ಲಿಂದ ಬರುವ ವಿಮಾನಗಳನ್ನು ತಡೆಯಲಾಯಿತು. ರಾಜ್ಯದಲ್ಲಿ ಡಿಸೆಂಬರ್ 23ರಂದು ರಾತ್ರಿ ಕರ್ಫ್ಯೂ ಘೋಷಣೆಯಾಗಿ, ಮರುದಿನ ಜಾರಿಗೆ ಬರುವ ಮುನ್ನವೇ ಹಿಂದಕ್ಕೆ ಹೋಯಿತು. ಅದೇ ವಾರ ಗ್ರಾಮ ಪಂಚಾಯಿತಿ ಚುನಾವಣೆಯ ಎರಡು ಹಂತದ ಮತದಾನವೂ ನಡೆಯಿತು.

ಕೊನೆಗೆ ಆದದ್ದೇನು? ಏನೂ ಆಗಲಿಲ್ಲ. ಮಾಗಿಯ ಚಳಿ ಬಂತು, ಇಬ್ಬನಿ ಬಂತು, ಸಂಕ್ರಾಂತಿಯ ಎಳ್ಳು ಬೆಲ್ಲವೂ ಬಂತು. ಬರಬೇಕಿದ್ದ ಅಲೆ ಮಾತ್ರ ಬರಲಿಲ್ಲ. ಜನವರಿ 1ರಂದು ಹತ್ತನೆಯ ತರಗತಿ ಮತ್ತು ದ್ವಿತೀಯ ಪಿಯುಸಿ ಮಕ್ಕಳಿಗೆ ಶಾಲೆ ಕಾಲೇಜು ತೆರೆಯಿತು. ಜನವರಿ 16ರಂದು ಆರೋಗ್ಯ ಸಿಬ್ಬಂದಿಗೆ ಲಸಿಕೆ ಆರಂಭವಾಯಿತು. ಫೆಬ್ರುವರಿಯ ಮೊದಲ ದಿನಗಳಲ್ಲಿ ಇಡೀ ದೇಶದ ದೈನಿಕ ಸೋಂಕು ಹತ್ತು ಸಾವಿರಕ್ಕೂ ಕೆಳಗೆ ಇಳಿದ ದಿನವಿತ್ತು. ಮಾರ್ಚ್ ಮೊದಲ ವಾರ ಕೇಂದ್ರ ಆರೋಗ್ಯ ಸಚಿವ ಡಾ. ಹರ್ಷವರ್ಧನ್ ಅವರು ದೇಶವು ಸಾಂಕ್ರಾಮಿಕದ ಕೊನೆಯ ಘಟ್ಟದಲ್ಲಿದೆ ಎಂದರು. ಹಾಗೆ ನಂಬಿದವರು ಅವರೊಬ್ಬರೇ ಅಲ್ಲ, ನಾನೂ ನಂಬಿದ್ದೆ.

ನಾವು ಓದಿದ್ದು ಬೇರೆಯವರ ಪಂಚಾಂಗವನ್ನು ಎಂಬುದು ನನಗೆ ಅರ್ಥವಾದದ್ದು ಆನಂತರ. ದಕ್ಷಿಣ ಭಾರತದ ಚಳಿಗಾಲ ಯುರೋಪಿನ ಚಳಿಗಾಲವಲ್ಲ. ಡಿಸೆಂಬರಿನ ಬೆಂಗಳೂರಿನಲ್ಲಿ ಕನಿಷ್ಠ ಉಷ್ಣಾಂಶ ಸಾಮಾನ್ಯವಾಗಿ ಹದಿನೈದು–ಹದಿನಾರು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕಿಟಕಿಗಳೆಲ್ಲ ತೆರೆದೇ ಇರುತ್ತವೆ. ನಮ್ಮಲ್ಲಿ ಫ್ಲೂ ಜ್ವರ ಹೆಚ್ಚುವುದು ಮಳೆಗಾಲದಲ್ಲಿ. 2009ರ ಎಚ್1ಎನ್1 ಜ್ವರದ ಮೊದಲ ಸಾವು ದೇಶದಲ್ಲಿ ಸಂಭವಿಸಿದ್ದು ಪುಣೆಯಲ್ಲಿ, ಆಗಸ್ಟ್ ತಿಂಗಳಿನಲ್ಲಿ. ಅದೇ ಜ್ವರ 2015ರ ಜನವರಿಯಿಂದ ಮಾರ್ಚ್‌ವರೆಗೆ ಮರಳಿ ಬಂದು ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಇನ್ನೂ ಹಿಂದಕ್ಕೆ ಹೋದರೆ, 1918ರ ಜೂನ್‌ನಲ್ಲಿ ಹಡಗುಗಳ ಮೂಲಕ ಮುಂಬೈಗೆ ಬಂದ ಇನ್‌ಫ್ಲುಯೆಂಜಾ ಮೊದಲಿಗೆ ಸೌಮ್ಯವಾಗಿತ್ತು. ಜನ ಮರೆಯುವಷ್ಟರಲ್ಲಿ ಸೆಪ್ಟೆಂಬರಿನಿಂದ ಉಗ್ರರೂಪ ತಾಳಿತು. ಆ ವರ್ಷ ಮುಂಗಾರೂ ಕೈಕೊಟ್ಟಿತ್ತು. ಭಾರತದಲ್ಲಿ ಸತ್ತವರ ಅಂದಾಜು 1.2 ಕೋಟಿಯಿಂದ 2 ಕೋಟಿಯವರೆಗೆ ಹೋಗುತ್ತದೆ. ಈ ದೇಶದ ಜನಸಂಖ್ಯೆ ಹೆಚ್ಚುವ ಬದಲು ಕುಗ್ಗಿದ್ದನ್ನು ಜನಗಣತಿ ದಾಖಲಿಸಿರುವುದು 1911–21ರ ದಶಕದಲ್ಲಿ ಮಾತ್ರ. ಈ ಚರಿತ್ರೆ ಒಂದು ಋತುವನ್ನು ಬೊಟ್ಟು ಮಾಡುವುದಿಲ್ಲ; ಒಂದು ಅಭ್ಯಾಸವನ್ನು ಬೊಟ್ಟು ಮಾಡುತ್ತದೆ. ಮೊದಲ ಅಲೆಯ ನಂತರದ ಬಿಡುವನ್ನೇ ನಾವು ಬಿಡುಗಡೆಯೆಂದು ತಿಳಿಯುತ್ತೇವೆ.

ನಿಜ ಹೇಳಬೇಕೆಂದರೆ 2020ರ ಆರಂಭದಲ್ಲೇ ನಾವು ಒಮ್ಮೆ ಪಾಠ ಕಲಿಯಬಹುದಿತ್ತು. ಬಿಸಿಲಿಗೆ ವೈರಸ್ ಸಾಯುತ್ತದೆಂಬ ಮಾತು ಆಗ ಎಲ್ಲೆಡೆ ಕೇಳಿಬರುತ್ತಿತ್ತು. ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದು ಮಾರ್ಚ್ ತಿಂಗಳಿನಲ್ಲಿ, ಬಿಸಿಲ ನಾಡೆಂದೇ ಹೆಸರಾದ ಕಲಬುರಗಿಯಿಂದ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎಂಬುದು ನಮ್ಮವರ ಮಾತು. 2021ರ ಶಿವರಾತ್ರಿ ಮಾರ್ಚ್ 11ರಂದು ಬಂತು. ಚಳಿ ಹೋಯಿತು; ಅಂದು ದೇಶದ ದೈನಿಕ ಸೋಂಕು ಮತ್ತೆ ಇಪ್ಪತ್ತು ಸಾವಿರವನ್ನು ದಾಟಿತ್ತು. ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ ಲಸಿಕೆ ದೊರೆಯುತ್ತಿತ್ತು. ತಾಯಿಯನ್ನು ಎರಡನೆಯ ವಾರದಲ್ಲೇ ಕರೆದೊಯ್ದೆ. ಮೇಷ್ಟ್ರು ಗೋಡೆಯ ಬಳಿ ನಿಂತು, ‘ನಾನೂ ಹೋಗಿಬರಲೇನಪ್ಪಾ, ಇಲ್ಲ ಬಿಸಿಲು ಸ್ವಲ್ಪ ಇಳೀಲಾ? ಜ್ವರ ಬರುತ್ತಂತೆ’ ಎಂದು ಕೇಳಿದರು. ‘ಅವಸರವೇನಿಲ್ಲ ಮೇಷ್ಟ್ರೇ, ಕಾಯಿಲೆ ಹೋಗೇ ಬಿಡ್ತಲ್ಲ, ಯುಗಾದಿ ಕಳೀಲಿ’ ಎಂದವನು ನಾನು. ಅಕ್ಟೋಬರಿನಲ್ಲಿ ಅವರ ಪ್ರಶ್ನೆಗೆ ನಗಲು ಹೆದರಿದ್ದವನು, ಮಾರ್ಚ್‌ನಲ್ಲಿ ನಗುತ್ತಲೇ ಉತ್ತರಿಸಿದ್ದೆ. ನಮ್ಮ ಭಯ ಚಳಿಗಾಲದ ಲೆಕ್ಕದ್ದಾಗಿತ್ತು. ಕಾಲ ಮುಗಿದೊಡನೆ ಭಯವೂ ಮುಗಿದಿತ್ತು.

ಯುಗಾದಿ ಏಪ್ರಿಲ್ 13ಕ್ಕೆ ಕಳೆಯಿತು. ಆ ತಿಂಗಳ ಕೊನೆಗೆ ಮೇಷ್ಟ್ರಿಗೆ ಜ್ವರ ಬಂತು. ನಾವು ಚಳಿಗಾಲಕ್ಕೆಂದು ಕೊಂಡಿದ್ದ ಪುಟ್ಟ ಯಂತ್ರ ಅವರ ಬೆರಳಿನ ಮೇಲೆ 84 ಎಂದು ತೋರಿಸಿತು. ಹಾಸಿಗೆಗಾಗಿ ಒಂದು ರಾತ್ರಿ, ಒಂದು ಹಗಲು ಅಲೆದೆವು. ಸಿಕ್ಕಿತು, ಆದರೆ ಐದನೆಯ ದಿನ ಅವರು ತೀರಿಕೊಂಡರು. ಮೇ 5ರಂದು ಕರ್ನಾಟಕದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು, ಮರುದಿನ ದೇಶದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಸೋಂಕು ದಾಖಲಾಗಿದ್ದ ವಾರವದು. ಶವಸಂಸ್ಕಾರಕ್ಕೆಂದು ತಾವರೆಕೆರೆ, ಗಿಡ್ಡೇನಹಳ್ಳಿಗಳಲ್ಲಿ ಬಯಲಿನಲ್ಲೇ ಚಿತಾಗಾರಗಳನ್ನು ತೆರೆಯಲಾಗಿತ್ತು. ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದು ದಿನದೊಳಗೆ 24 ಮಂದಿ ಸತ್ತ ಸುದ್ದಿಯೂ ಅದೇ ವಾರದ್ದು. ಮಾರ್ಚ್‌ನಲ್ಲೇ ಒಂದು ಡೋಸ್ ಹಾಕಿಸಿದ್ದರೆ ಅವರು ಉಳಿಯುತ್ತಿದ್ದರೆಂದು ನಾನು ಹೇಳಲಾರೆ. ಉಳಿಯುತ್ತಿರಲಿಲ್ಲ ಎಂದೂ ಹೇಳಲಾರೆ. ಆ ಮಾತನ್ನು ನಾನಾಡಿದ್ದೆ ಎಂಬುದಷ್ಟೇ ಖಚಿತ.

ಎಲ್ಲವನ್ನೂ ನಿರ್ಲಕ್ಷ್ಯದ ತಲೆಗೆ ಕಟ್ಟುವುದು ನ್ಯಾಯವಲ್ಲ. ಎರಡನೆಯ ಅಲೆಯನ್ನು ಎಬ್ಬಿಸಿದ ಡೆಲ್ಟಾ ತಳಿ ಹಿಂದಿನದಕ್ಕಿಂತ ಎಷ್ಟೋ ವೇಗವಾಗಿ ಹರಡುವಂಥದ್ದು. ಆದರೆ ಅದರ ಮೊದಲ ಮಾದರಿಗಳು ಭಾರತದಲ್ಲಿ ದಾಖಲಾದದ್ದು 2020ರ ಅಕ್ಟೋಬರಿನಲ್ಲಿ. ಅಂದರೆ ಮೇಷ್ಟ್ರು ಚಳಿಗಾಲದ ಪ್ರಶ್ನೆ ಕೇಳಿದ ತಿಂಗಳಿನಲ್ಲಿಯೇ. ಅದೇ ತಿಂಗಳು ಕೇಂದ್ರ ಸರ್ಕಾರವು ಜಿಲ್ಲಾ ಆಸ್ಪತ್ರೆಗಳಲ್ಲಿ ಗಾಳಿಯಿಂದಲೇ ಆಮ್ಲಜನಕ ತಯಾರಿಸುವ ಘಟಕಗಳಿಗೆ ಟೆಂಡರ್ ಕರೆದಿತ್ತು. ಮಂಜೂರಾದವು 162, 2021ರ ಏಪ್ರಿಲ್ ಮಧ್ಯಭಾಗದ ವೇಳೆಗೆ ಸ್ಥಾಪನೆಯಾದವು 33. ಆರೋಗ್ಯ ಕುರಿತ ಸಂಸದೀಯ ಸ್ಥಾಯಿ ಸಮಿತಿಯೂ ನವೆಂಬರಿನಲ್ಲಿ ಹಾಸಿಗೆಗಳ ಕೊರತೆಯನ್ನು ಎತ್ತಿ ತೋರಿಸಿತ್ತು. ಭಯ ಇದ್ದಾಗ ಆರಂಭವಾದ ಕೆಲಸಗಳು ಭಯ ಹೋದ ಮೇಲೆ ನಿಂತವು. ಚಳಿಗಾಲ ನಮಗೆ ಐದು ತಿಂಗಳ ಸಾಲ ಕೊಟ್ಟಿತ್ತು. ಅದನ್ನು ನಾವು ಉಡುಗೊರೆಯೆಂದು ತಿಳಿದು ಖರ್ಚು ಮಾಡಿದೆವು.

ನಾವು ಹೆದರಿದ್ದ ಚಳಿಗಾಲದ ಅಲೆ ಬಂದದ್ದು ಒಂದು ವರ್ಷ ತಡವಾಗಿ. 2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಓಮೈಕ್ರಾನ್ ಪ್ರಕರಣಗಳು ಕರ್ನಾಟಕದಲ್ಲಿಯೇ ಪತ್ತೆಯಾದವು. 2022ರ ಜನವರಿಯಲ್ಲಿ ರಾಜ್ಯದ ದೈನಿಕ ಸೋಂಕು ಮತ್ತೆ ಐವತ್ತು ಸಾವಿರ ಮುಟ್ಟಿತು. ಆದರೆ ಹಿಂದಿನ ಬೇಸಿಗೆಯ ಸ್ಮಶಾನದ ಸಾಲುಗಳು ಮರುಕಳಿಸಲಿಲ್ಲ. ಆ ತಳಿ ಅಷ್ಟು ಉಗ್ರವಾಗಿರಲಿಲ್ಲ ಎಂಬುದು ಒಂದು ಕಾರಣ. ಹಿಂದಿನ ಸೋಂಕಿನಿಂದ ಬಂದ ರಕ್ಷಣೆ ಇನ್ನೊಂದು. 2021ರ ಅಕ್ಟೋಬರಿನಲ್ಲೇ ದೇಶದಲ್ಲಿ ನೂರು ಕೋಟಿ ಡೋಸ್ ಲಸಿಕೆ ಹಾಕಿ ಮುಗಿದಿತ್ತು ಎಂಬುದು ಮತ್ತೂ ಒಂದು. ಅದು ಹಿಂದಿನದಕ್ಕಿಂತ ಹೆಚ್ಚು ಚಳಿಯಿದ್ದ ವರ್ಷವೋ ಅಲ್ಲವೋ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ ಹೊಸ ಉಪತಳಿಯ ಸುದ್ದಿ ಬಂದಾಗ, ಅರವತ್ತು ದಾಟಿದವರು ಮಾಸ್ಕ್ ಧರಿಸುವಂತೆ ರಾಜ್ಯ ಸರ್ಕಾರ ಸೂಚಿಸಿತು. ನಮ್ಮ ಬೀದಿಯಲ್ಲಿ ಅದನ್ನು ಪಾಲಿಸಿದವರನ್ನು ಒಂದು ಕೈಬೆರಳಲ್ಲಿ ಎಣಿಸಬಹುದಿತ್ತು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದು ಹೋದ ಮೇಲೆ ಈ ಊರು ಸುಮ್ಮನೆ ಕೂರಲಿಲ್ಲ. ಇಕ್ಕಟ್ಟಾದ ಪೇಟೆಯಿಂದ ಹೊರಗೆ ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ಬೀದಿ, ಗಾಳಿ, ಬೆಳಕುಗಳೊಂದಿಗೆ ಬೆಳೆದವು. ಪ್ಲೇಗಿನ ಹೆಸರು ಮರೆತವರೂ ಆ ಗಾಳಿಯನ್ನು ಇಂದಿಗೂ ಉಸಿರಾಡುತ್ತಾರೆ. ಕೋವಿಡ್ ನಮ್ಮ ಪಾಲಿಗೆ ಅಂಥದ್ದೇನನ್ನು ಬಿಟ್ಟುಹೋಗಿದೆ? ಶಾಲೆಯ ಕೊಠಡಿಗಳ ಕಿಟಕಿಗಳು ದೊಡ್ಡದಾಗಿವೆಯೇ? ಜಿಲ್ಲಾ ಆಸ್ಪತ್ರೆಯ ಆಮ್ಲಜನಕ ಘಟಕಗಳನ್ನು ತಿಂಗಳಿಗೊಮ್ಮೆಯಾದರೂ ಓಡಿಸಿ ನೋಡುತ್ತಾರೆಯೇ? ಈ ಪ್ರಶ್ನೆಗಳನ್ನು ಕೇಳಬೇಕಾದುದು ಚಳಿಗಾಲದ ಹೊಸ್ತಿಲಲ್ಲಿ ಅಲ್ಲ. ಯಾವ ಭಯವೂ ಇಲ್ಲದ ಸಾಧಾರಣ ದಿನಗಳಲ್ಲಿ.

ನಮ್ಮ ತಾಯಿ ಈಗಲೂ ಅವರೆಕಾಯಿಯ ಕಾಲದಲ್ಲಿ ಹಿತಕಿದ ಬೇಳೆಯ ಸಾರು ಮಾಡುತ್ತಾರೆ. ಒಂದು ಡಬ್ಬಿ ಮೇಷ್ಟ್ರ ಪತ್ನಿಗೆ ಹೋಗುತ್ತದೆ. ಈಗ ಗೇಟಿಗೆ ನೇತುಹಾಕುವುದಿಲ್ಲ, ಒಳಗೆ ಹೋಗಿ ಕೊಟ್ಟು ಬರುತ್ತೇನೆ. ‘ಚಳಿ ಜೋರಾಗಿದೆ ಅಲ್ವೇನಪ್ಪಾ’ ಎನ್ನುತ್ತಾರೆ ಅವರು. ಕಳೆದ ವರ್ಷ ಹೀಗೆ ಹೋದಾಗ ಫ್ಲೂ ಲಸಿಕೆಯ ಮಾತು ಬಂತು. ಬಿಸಿಲು ಬರಲಿ, ಆಮೇಲೆ ನೋಡೋಣ ಎಂದರು. ನಾನು ಕಾಯಲಿಲ್ಲ. ಮರುದಿನವೇ ಆಟೋ ಕರೆದು ತಂದೆ.